ನರ್ಸಮ್ಮ ಅಲ್ಲರೀ, ಮಠದಿಂದ ಬಂದೀವಿ!

ನಾನು ಹುಟ್ಟು ಭಾಷಣಗಾರ್ತಿಯಂತೆ!

ಕಳೆದ ವಾರ ಹೊನ್ನಾಳಿಯ ಒಂದು ಕಾಲೇಜಿನವರು, ಹೆಣ್ಣುಮಕ್ಕಳಿಗೆ ಧೈರ್ಯದ ಬಗ್ಗೆ ನಾಲ್ಕು ಮಾತು ಹೇಳಿ ಬನ್ನಿ ಅಂತ ಕರೆದಿದ್ದರು. ಹೋದೆ. ಸ್ವಾಗತ ಮಾಡಿದ ಲೆಕ್ಚರರ್ ಮೈಕ್ ಹಿಡಿದು, ‘ಇವರು ಹುಟ್ಟು ಭಾಷಣಗಾರ್ತಿ’ ಅಂದುಬಿಟ್ಟರು. ಸಭೆ ಚಪ್ಪಾಳೆ ತಟ್ಟಿತು. ನನಗೆ ಮೈಯೆಲ್ಲ ಉರಿಯಿತು.

ಹುಟ್ಟು? ಇಪ್ಪತ್ತು ವರ್ಷ ತುಂಬುವವರೆಗೆ ಬಸ್ಸಿನಲ್ಲಿ ‘ಹೋಲ್ಡಾನ್’ ಅನ್ನುವುದಕ್ಕೂ ನನಗೆ ಬಾಯಿ ಬರುತ್ತಿರಲಿಲ್ಲ. ಕೆರೆಬಿಳಚಿಯಲ್ಲಿ ಇಳಿಯಬೇಕಾದವಳು ಮುಂದಿನ ಊರಿನಲ್ಲಿ ಇಳಿದು, ಬಿಸಿಲಲ್ಲಿ ನಡೆದು ವಾಪಸ್ ಬಂದದ್ದುಂಟು. ಒಂದು ಸಲ ಅಲ್ಲ, ಮೂರು ಸಲ.

ಇರಲಿ. ಭಾಷಣ ಮುಗಿಯಿತು. ಹಿಂದಿನ ಸಾಲಿನಲ್ಲಿ ಒಬ್ಬ ತೆಳ್ಳನೆಯ ಹುಡುಗಿ ಎದ್ದು ನಿಂತಳು. ‘ಮೇಡಂ, ಧೈರ್ಯ ಎಲ್ಲಿಂದ ಬರ್ತೈತ್ರಿ?’ ಅಂದಳು. ಎಂಥಾ ಒಳ್ಳೆಯ ಪ್ರಶ್ನೆ! ನಾನು ಬಾಯಿ ತೆರೆಯುವಷ್ಟರಲ್ಲಿ ಲೆಕ್ಚರರ್ ಮೈಕ್ ಕಿತ್ತುಕೊಂಡರು. ‘ದಿನಾ ಹತ್ತು ನಿಮಿಷ ಕನ್ನಡಿ ಮುಂದೆ ನಿಂತು ಪ್ರಾಕ್ಟೀಸ್ ಮಾಡಬೇಕಮ್ಮ. ಕೂತ್ಕೋ.’ ಅಲ್ಲಿಗೆ ವಂದನಾರ್ಪಣೆ, ಉಪ್ಪಿಟ್ಟು.

(ಕನ್ನಡಿ ಮುಂದೆ ನಿಂತರೆ ಧೈರ್ಯ ಬರುವುದಾದರೆ ನಮ್ಮೂರ ಕಟಿಂಗ್ ಶಾಪಿನವರು ಇಷ್ಟು ಹೊತ್ತಿಗೆ ಮಂತ್ರಿಯಾಗಬೇಕಿತ್ತು.)

ಹಾಗಾಗಿ ಆ ಹುಡುಗಿಗೆ ಉತ್ತರ ಇಲ್ಲೇ ಹೇಳುತ್ತೇನೆ.

ಹತ್ತು ವರ್ಷದ ಹಿಂದಿನ ಮಾತು. ಎಮರ್ಜೆನ್ಸಿ ಕಾಲ. ನಮ್ಮ ಕಡೆಯ ಒಂದು ಮಠದಲ್ಲಿ (ಹೆಸರು ಬೇಡ, ನಾನಿನ್ನೂ ಅಲ್ಲಿಗೆ ಹೋಗಿ ಬಂದು ಮಾಡಬೇಕು) ಭಕ್ತರ ಮನೆಯ ಹುಡುಗರನ್ನು ಇಬ್ಬಿಬ್ಬರಂತೆ ದೂರದ ಹಳ್ಳಿಗಳಿಗೆ ಕಳಿಸುತ್ತಿದ್ದರು. ಆರು ತಿಂಗಳು ಅಲ್ಲೇ ಇರಬೇಕು. ಮನೆಮನೆಗೆ ಹೋಗಿ ಲಿಂಗಪೂಜೆ, ವಚನ ಹೇಳಿಕೊಡಬೇಕು. ಆ ವರ್ಷ ಸ್ವಾಮಿಗಳು, ಹೆಣ್ಣುಮಕ್ಕಳೂ ಹೋಗಲಿ ಅಂದರು. ಮಠದ ಹಿರಿಯರೊಬ್ಬರಿಗೆ ತಡೆಯಲಾಗಲಿಲ್ಲ. ‘ಬುದ್ದೀ, ತಿಂಗಳೊಳಗೆ ಅಳ್ತಾ ವಾಪಸ್ ಬರ್ತಾರೆ’ ಅಂದರು.

‘ಒಂದು ಜೋಡಿ ಹೋಗಲಿ. ನಿಂತರೆ ಮುಂದಿನ ವರ್ಷ ಇನ್ನೂ ನಾಲ್ವರನ್ನ ಕಳಿಸೋಣ. ಓಡಿ ಬಂದರೆ ಈ ಮಾತು ಇಲ್ಲಿಗೇ ಮುಗೀತು’ ಅಂತ ಸ್ವಾಮಿಗಳು ತೀರ್ಮಾನ ಹೇಳಿದರು.

ಆ ಮೊದಲ ಜೋಡಿಗೆ ನಮ್ಮಪ್ಪ ನನ್ನ ಹೆಸರು ಬರೆಸಿ ಬಂದರು. (ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ನನಗೆ ಮಾತು ಬರುತ್ತಿರಲಿಲ್ಲ ಬಿಡಿ.) ಮುಂದಿನ ನಾಲ್ವರಲ್ಲಿ ನನ್ನ ಚಿಕ್ಕಪ್ಪನ ಮಗಳು ಗಿರಿಜೆಯೂ ಇದ್ದಳು. ಹೊರಡುವ ದಿನ ಬಸ್ ಸ್ಟ್ಯಾಂಡಿಗೆ ಬಂದು ನನ್ನ ಕೈ ಹಿಡಿದುಕೊಂಡು, ‘ಅಕ್ಕಾ, ನಿನ್ನ ದಮ್ಮಯ್ಯ, ಓಡಿ ಮಾತ್ರ ಬರಬ್ಯಾಡ’ ಅಂದಳು. ಅವಳ ಕಣ್ಣಲ್ಲಿ ನೀರಿತ್ತು. ನನ್ನ ಕಣ್ಣಲ್ಲೂ ಇತ್ತು, ಕಾರಣ ಬೇರೆ.

ನನ್ನ ಜೊತೆಗಾರ್ತಿ ನ್ಯಾಮತಿಯ ನೀಲಮ್ಮಕ್ಕ. ನಲವತ್ತರ ವಿಧವೆ. ಗಂಟಲು ಎಂಥದ್ದು ಅಂತೀರಿ! ನ್ಯಾಮತಿಯಲ್ಲಿ ಬಾಯಿ ಬಿಟ್ಟರೆ ಹೊನ್ನಾಳಿಯವರು ತಿರುಗಿ ನೋಡಬೇಕು. ನಮ್ಮನ್ನು ಜಗಳೂರು ತಾಲ್ಲೂಕಿಗೆ, ಸೊಕ್ಕೆ ಕಡೆಯ ಒಂದು ಹಳ್ಳಿಗೆ ಹಾಕಿದರು. ಸ್ಕೂಲ್ ಮೇಷ್ಟ್ರ ಮನೆಯಲ್ಲಿ ಒಂದು ಕೋಣೆ. ಇಬ್ಬರಿಗೂ ಮಠದ ಬಿಳಿ ಸೀರೆ, ಹೆಗಲಿಗೆ ಚೀಲ, ಕೈಯಲ್ಲಿ ಒಂದು ನೋಟ್ ಬುಕ್.

ಈಗ ನೀವೇ ಹೇಳಿ. ಎಮರ್ಜೆನ್ಸಿ ಕಾಲದಲ್ಲಿ ಬಿಳಿ ಸೀರೆಯ ಇಬ್ಬರು ಹೆಂಗಸರು, ಅದೂ ಸರ್ಕಾರಿ ಮೇಷ್ಟ್ರ ಮನೆಯಿಂದ ಹೊರಟು, ನೋಟ್ ಬುಕ್ ಹಿಡಿದುಕೊಂಡು ನಿಮ್ಮ ಬಾಗಿಲಿಗೆ ಬಂದು, ‘ಮನೇಲಿ ಎಷ್ಟು ಜನ ಇದ್ದೀರಿ?’ ಅಂತ ಕೇಳಿದರೆ ನೀವು ಏನಂದುಕೊಳ್ಳುತ್ತೀರಿ?

ಅದೇ! ಕುಟುಂಬ ಯೋಜನೆ. ಗಂಡಸರನ್ನು ಹಿಡಿದೊಯ್ದು ಮಕ್ಕಳಾಗದ ಹಾಗೆ ಮಾಡಿಸುತ್ತಿದ್ದ ಆಪರೇಷನ್.

ನಾವು ಬೀದಿಯ ಈ ತುದಿಗೆ ಕಾಲಿಟ್ಟರೆ ಆ ತುದಿಯಲ್ಲಿ ಗಂಡಸರು ಹಿತ್ತಲ ಗೋಡೆ ಹಾರುತ್ತಿದ್ದರು. ಒಬ್ಬನಂತೂ ಎತ್ತುಗಳನ್ನು ಅರ್ಧ ಬಿಚ್ಚಿ ಅಲ್ಲೇ ಬಿಟ್ಟು ಜೋಳದ ಹೊಲಕ್ಕೆ ಬಿದ್ದು ಓಡಿದ. ‘ಅವ್ರು ಇಲ್ಲ್ರೀ, ಜಗಳೂರಿಗೆ ಹೋಗ್ಯಾರೆ’ ಅನ್ನುತ್ತಿದ್ದ ಹೆಂಗಸಿನ ಹಿಂದೆ, ಬಾಗಿಲ ಸಂದಿಯಲ್ಲಿ ‘ಅವ್ರ’ ಕಾಲು ಕಾಣುತ್ತಿತ್ತು.

‘ನಾವು ನರ್ಸಮ್ಮ ಅಲ್ಲರೀ, ಮಠದಿಂದ ಬಂದೀವಿ!’ ಅಂತ ನೀಲಮ್ಮಕ್ಕ ಬೀದಿ ಅದುರುವಂತೆ ಕೂಗುತ್ತಿದ್ದಳು. ಕೂಗಿದಷ್ಟೂ ಜನಕ್ಕೆ ಅನುಮಾನ ಗಟ್ಟಿಯಾಗುತ್ತಿತ್ತು. ಬೇರೆ ಬಣ್ಣದ ಸೀರೆ ಉಡಬಹುದೇ ಅಂತ ಮಠಕ್ಕೆ ಕಾಗದ ಬರೆದೆವು. ಆ ಹಿರಿಯರಿಂದಲೇ ಉತ್ತರ ಬಂತು. ಬಿಳಿ ಪಾವಿತ್ರ್ಯದ ಗುರುತು, ಬದಲಾಯಿಸಕೂಡದು. ಇಂಥವರಿಗೆ ಏನು ಹೇಳೋಣ?

ಹೀಗೇ ಮೂರು ವಾರ. ನನ್ನ ಕೆಲಸ ಚೀಲ ಹಿಡಿದು ನಿಲ್ಲುವುದು. ಅಷ್ಟನ್ನು ಚೆನ್ನಾಗಿ ಮಾಡುತ್ತಿದ್ದೆ.

ಅಷ್ಟರಲ್ಲಿ ನೀಲಮ್ಮಕ್ಕನಿಗೆ ಜ್ವರ ಬಂತು. ಗಂಟಲು ಪೂರ್ತಿ ಕಟ್ಟಿತು. ಬೆಳಿಗ್ಗೆ ಪಿಸುದನಿಯಲ್ಲಿ, ‘ಇವತ್ತು ನೀನೊಬ್ಬಳೇ ಹೋಗು’ ಅಂದಳು. ನಾನು ಅತ್ತೇಬಿಟ್ಟೆ. ‘ನನ್ನ ಕೈಲಿ ಆಗಲ್ಲಕ್ಕಾ.’

‘ಆಗಲ್ಲ ಅಂತ ನನಗೂ ಗೊತ್ತೈತೆ. ಕೊಳ್ಳಾಗೆ ಲಿಂಗ ಸುಮ್ನೆ ಕಟ್ಟಿಕೊಂಡೀಯೇನು? ಹೋಗತ್ಲಾಗೆ’ ಅಂತ ಆ ಕಡೆ ತಿರುಗಿ ಮಲಗಿದಳು.

ಹೋದೆ. ಬೀದಿಯಲ್ಲಿ ಐದಾರು ಗಂಡಸರು ಅಡ್ಡ ನಿಂತರು. ಇವತ್ತು ಓಡಲಿಲ್ಲ, ಯಾಕೆಂದರೆ ಜೊತೆಗೆ ನೀಲಮ್ಮಕ್ಕ ಇರಲಿಲ್ಲ. ಅವರಲ್ಲಿ ಹಿರಿಯನಾದವನು, ‘ಸಾಕು ನಡಿಯಮ್ಮಾ. ಗಂಟು ಕಟ್ಟು. ಹತ್ತು ಗಂಟೆ ಬಸ್ಸಿಗೆ ನಾವೇ ಹತ್ತಿಸ್ತೀವಿ’ ಅಂದ. ನನಗೆ ಗಿರಿಜೆಯ ಮುಖ ಕಣ್ಣ ಮುಂದೆ ಬಂತು. ನಾನು ಬಸ್ ಹತ್ತಿದರೆ ಅವಳ ಕಥೆಯೂ ಮುಗಿಯಿತು. ಮಾತಾಡಬೇಕು. ನಾಲಿಗೆ ಎದ್ದೇಳುತ್ತಿಲ್ಲ!

ಪಕ್ಕದ ಮನೆಯ ಜಗಲಿ ಮೇಲೆ ಹೋಗಿ ಕೂತೆ. ಬಾಗಿಲಲ್ಲಿದ್ದ ಹೆಂಗಸಿಗೆ, ‘ತಾಯೀ, ಪೂಜೆಗೆ ನೀರು ಕೊಡ್ರಿ’ ಅಂದೆ. ನನಗೆ ಬಾಯಿಪಾಠವಾಗಿದ್ದ ಮಾತು ಅದೊಂದೇ. ಪೂಜೆಗೆ ನೀರು ಅಂದರೆ ಇಲ್ಲ ಅನ್ನುವ ಮನೆ ನಮ್ಮ ಸೀಮೆಯಲ್ಲಿಲ್ಲ. ಆಕೆ ಗಂಡಸರ ಮುಖ ನೋಡಿದಳು, ನನ್ನ ಮುಖ ನೋಡಿದಳು, ಒಳಗೆ ಹೋಗಿ ಚೆಂಬು ತಂದಿಟ್ಟಳು.

ಕೊರಳಿನ ಕರಡಿಗೆ ಬಿಚ್ಚಿ ಲಿಂಗ ತೆಗೆದು ಅಂಗೈ ಮೇಲೆ ಇಟ್ಟುಕೊಂಡೆ. ‘ಶಿವನೇ, ನನ್ನಿಂದ ಆಗಲ್ಲ. ಇದು ನಿನ್ನ ಕೆಲಸ, ನೀನೇ ನೋಡ್ಕೋ’ ಅಂದೆ ಮನಸ್ಸಿನಲ್ಲೇ. ಬೇಡಿಕೊಂಡದ್ದಲ್ಲ, ರೇಗಿ ಹೇಳಿದ್ದು. ಬೆಳಕು ಕಾಣಲಿಲ್ಲ, ದನಿ ಕೇಳಲಿಲ್ಲ. ಆದರೆ ಎದೆಯ ಮೇಲಿನ ಭಾರವನ್ನು ಯಾರೋ ಇಳಿಸಿಕೊಂಡಂತಾಯಿತು. ಸೋತರೆ ಅವನು ಸೋಲಲಿ, ನನಗೇನು? ಚೆಂಬಿನ ನೀರು ಹಾಕಿ ಪೂಜೆ ಶುರು ಮಾಡಿದೆ.

ಎದುರು ಮನೆಯ ಅಜ್ಜಿ ಗಂಡಸರನ್ನು ಗದರಿದಳು. ‘ಥೂ ನಿಮ್ಮ! ಯಾವ ನರ್ಸಮ್ಮ ಬೀದ್ಯಾಗೆ ಕುಂತು ಲಿಂಗಪೂಜೆ ಮಾಡ್ತಾಳ್ರೋ?’

ಅದಕ್ಕೊಬ್ಬ ಮೀಸೆಯವನು, ‘ಅಜ್ಜೀ, ಇದೂ ಸರ್ಕಾರದ್ದೇ ಪ್ಲಾನ್ ಇರಬೌದು’ ಅಂದನಲ್ಲ!

ನನಗೆ ತಲೆ ಕೆಟ್ಟಿತು. ಪೂಜೆ ಮುಗಿಸಿ ಎದ್ದು ನಿಂತೆ. ‘ಅಣ್ಣಾ, ನನಗಿನ್ನೂ ಮದುವೇನೇ ಆಗಿಲ್ಲ. ನಿಮಗೆ ಮಕ್ಕಳು ಎಷ್ಟಾದರೆ ನನಗೇನ್ರೀ? ಹತ್ತು ಮಾಡ್ಕಳ್ರಿ! ಅವಕ್ಕೆ ಪೂಜೆ ಮಾಡೋದು ಒಂದು ಕಲಿಸ್ರಿ. ಅದನ್ನ ಹೇಳಾಕೇ ನಾನು ಬಂದಿರಾದು!’

ಇದೇ ಸ್ವಾಮಿ, ನನ್ನ ಜೀವಮಾನದ ಮೊದಲ ಭಾಷಣ.

ಬೀದಿಗೆ ಬೀದಿಯೇ ನಕ್ಕಿತು. ಮೀಸೆಯವನೂ ನಕ್ಕ. ಆಮೇಲೆ ಅರ್ಧ ಗಂಟೆ ಮಾತಾಡಿದೆ. ಏನು ಮಾತಾಡಿದೆನೋ ಕಾಣೆ. ಆ ಸಂಜೆ ಮೇಷ್ಟ್ರ ಮನೆಯ ಮುಂದೆ ಹನ್ನೊಂದು ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಬಂದು ಕೂತರು. ಗಂಟಲು ಸರಿಯಾದ ಮೇಲೆ ನೀಲಮ್ಮಕ್ಕನದು ಒಂದೇ ದೂರು: ‘ನನಗೂ ಒಂಚೂರು ಮಾತಾಡಾಕೆ ಬಿಡೇ!’

ನೋಡಮ್ಮ ಹುಡುಗಿ, ಧೈರ್ಯ ಬಂದದ್ದು ಅಲ್ಲಿಂದ. ಆ ದಿನ ಮಾತಾಡಿದ್ದು ನಾನೇ. ಆದರೆ ನಾನೊಬ್ಬಳೇ ಇರಲಿಲ್ಲ. ನನಗೆ ಗೊತ್ತಿರುವುದು ಇಷ್ಟೇ.

ಆರು ತಿಂಗಳು ಪೂರೈಸಿ ಮಠಕ್ಕೆ ಬಂದೆವು. ಸಭೆ ಸೇರಿತ್ತು. ಮುಂದಿನ ಸಾಲಿನಲ್ಲಿ ಗಿರಿಜೆ ಮತ್ತು ಉಳಿದ ಮೂವರು ಹುಡುಗಿಯರು, ನಾಳೆಯೇ ಹೊರಡುವವರ ಹಾಗೆ ಕೂತಿದ್ದರು. ಹಿರಿಯರು ಎದ್ದರು. ‘ಹೆಣ್ಣುಮಕ್ಕಳು ಭಾಳ ಚೆನ್ನಾಗಿ ಕೆಲಸ ಮಾಡ್ಯಾರೆ. ಊರು ಹದಕ್ಕೆ ಬಂದೈತೆ. ಇನ್ನು ಅವರಿಗೆ ತ್ರಾಸು ಕೊಡಾದು ಬ್ಯಾಡ. ಮುಂದಿನ ವರ್ಷ ಗಂಡು ಹುಡುಗರನ್ನೇ ಕಳಿಸಾಣ.’

ಸ್ವಾಮಿಗಳು ಆಗಲಿ ಅನ್ನುವಂತೆ ತಲೆ ಆಡಿಸಿದರು.

ನಾನು ಎದ್ದು ನಿಂತೆ. ‘ಬುದ್ದೀ, ಓಡಿ ಬಂದರೆ ಮುಗೀತು ಅಂದಿದ್ರಿ. ನಾವು ಓಡಿ ಬರಲಿಲ್ಲ. ಆದರೂ ಮುಗೀತಾ?’

ಸ್ವಾಮಿಗಳು ಶಾಲು ಸರಿಮಾಡಿಕೊಂಡರು. ಉತ್ತರ ಕೊಟ್ಟವರು ಹಿರಿಯರು: ‘ನಿನ್ನನ್ನ ಕಳಿಸಿದ್ದು ಭಕ್ತಿ ಕಲಿಸಾಕೆ. ದೊಡ್ಡೋರ ಮುಂದೆ ಮಾತಾಡಾದು ಕಲೀಲಿ ಅಂತಲ್ಲ.’

ಗಿರಿಜೆ ಅಳಲಿಲ್ಲ. ಎದ್ದು ದಾಸೋಹದ ಕಡೆಗೆ ಎಲೆ ಹಾಕಲು ಹೋದಳು. ಮರು ವರ್ಷ ಅವಳನ್ನು ಉಬ್ರಾಣಿಗೆ ಮದುವೆ ಮಾಡಿ ಕೊಟ್ಟರು. ಆ ಮಠದಿಂದ ಇವತ್ತಿನವರೆಗೆ ಇನ್ನೊಬ್ಬ ಹೆಣ್ಣುಮಗಳು ಪ್ರಚಾರಕ್ಕೆ ಹೊರಟಿಲ್ಲ.

ಶಿವ ಕೊಟ್ಟ ಧೈರ್ಯವನ್ನು ಜಗಳೂರಿನವರ ಮುಂದೆ ಮಾತ್ರ ತೋರಿಸಬೇಕು, ಮಠದವರ ಮುಂದೆ ತೋರಿಸಕೂಡದು ಅಂತ ಎಲ್ಲಿ ಬರೆದಿದೆ ಸ್ವಾಮೀ?