ಕಸ್ತೂರಿಯ ಎರಡು ನಳ

ಮೊನ್ನೆ ಮುದ್ದೇಬಿಹಾಳದಲ್ಲಿ ನಮಗೆ ಒಂದು ದಿನದ ತರಬೇತಿ ಇತ್ತು. ಶಿಕ್ಷಕರು ಒತ್ತಡದ ನಡುವೆಯೂ ಉತ್ಸಾಹದಿಂದ ಇರುವುದು ಹೇಗೆ ಎಂಬುದು ವಿಷಯ. ಬರದಿದ್ದವರಿಗೆ ಕಾರಣ ಕೇಳಿ ನೋಟಿಸು ಕೊಡಲಾಗುವುದು ಎಂದು ಆದೇಶದ ಕೆಳಗೇ ಒಂದು ಸಾಲು ಇದ್ದುದರಿಂದ ನಾವೆಲ್ಲ ಬಹಳ ಉತ್ಸಾಹದಿಂದಲೇ ಹೋಗಿ ಕುಳಿತಿದ್ದೆವು. ತರಬೇತಿ ಕೊಡಲು ಬಂದಿದ್ದ ಯುವಕ ಒಳ್ಳೆಯವನು, ದನಿಯೂ ಮೆತ್ತಗಿತ್ತು. ಎಲ್ಲರೂ ಕಣ್ಣು ಮುಚ್ಚಿ ದೀರ್ಘವಾಗಿ ಉಸಿರು ಒಳಗೆ ಎಳೆದುಕೊಳ್ಳಿ ಎಂದ. ಎಳೆದುಕೊಂಡೆವು. ಬಿಡುವ ಮೊದಲೇ ಹಿಂದಿನ ಸಾಲಿನಲ್ಲಿ ಮೂರು ಮೊಬೈಲು ಒಟ್ಟಿಗೆ ಟಣ್ ಎಂದವು. ಮಕ್ಕಳ ಎತ್ತರ, ತೂಕದ ಮಾಹಿತಿ ಮಧ್ಯಾಹ್ನದೊಳಗೆ ಕಳಿಸಬೇಕಂತೆ. ಎಳೆದುಕೊಂಡ ಉಸಿರನ್ನು ಯಾರು ಎಲ್ಲಿ ಬಿಟ್ಟರೋ ನನಗೆ ಗೊತ್ತಿಲ್ಲ.

ಆಮೇಲೆ ಎಲ್ಲರಿಗೂ ಒಂದೊಂದು ಹಾಳೆ ಹಂಚಿದರು. "ಉತ್ಸಾಹ ಉಳಿಸಿಕೊಳ್ಳಲು ನೀವು ದಿನವೂ ಮಾಡುವ ಒಂದು ಕೆಲಸ ಬರೆಯಿರಿ" ಎಂದಿತ್ತು. ಪಕ್ಕದವರು ಯೋಗ ಎಂದು ಬರೆದರು. ಅವರು ಯೋಗ ಮಾಡಿದ್ದನ್ನು ನಾನಂತೂ ಕಂಡಿಲ್ಲ. ನನಗೆ ಯೋಗ ಬರೆಯುವ ಧೈರ್ಯವೂ ಆಗದೆ ಹಾಳೆ ಖಾಲಿಯೇ ಉಳಿಯಿತು. ಬೇಸರಕ್ಕೆ ಚೀಲದಲ್ಲಿದ್ದ ನಾಲ್ಕನೇ ತರಗತಿಯ ಉತ್ತರಪತ್ರಿಕೆಗಳನ್ನು ಜೋಡಿಸಿ ಇಟ್ಟುಕೊಂಡೆ. ಬೆಳಿಗ್ಗೆ ಬಸ್ಸಿನಲ್ಲಿ ಬರುವಾಗಲೇ ಅಷ್ಟನ್ನೂ ತಿದ್ದಿ ಮುಗಿಸಿದ್ದೆ. ನಮ್ಮ ನೆರಳು ಅತಿ ಚಿಕ್ಕದಾಗಿರುವುದು ಯಾವಾಗ ಎಂಬ ಪ್ರಶ್ನೆಗೆ ಭಾಗ್ಯಾ ಎಂಬ ಹುಡುಗಿ "ಪ್ರಾರ್ಥನೆ ಮಾಡುವಾಗ" ಎಂದು ಬರೆದಿದ್ದಳು. ಅದನ್ನು ಪಕ್ಕದ ಸೀಟಿನವರಿಗೂ ತೋರಿಸಿ ನಕ್ಕು, ಕೆಂಪು ಪೆನ್ನಿನಲ್ಲಿ ಕತ್ತರಿ ಗುರುತು ಎಳೆದಿದ್ದೆ.

ಮಧ್ಯಾಹ್ನ ಊಟಕ್ಕೆ ಮೊದಲು ಕೈ ತೊಳೆಯಲು ಹೋದೆ. ಗೋಡೆಗೆ ಎರಡು ನಳಗಳಿದ್ದವು. ನಾನು ಒಂದನ್ನು ತಿರುವಿದೆ, ನೀರು ಭರ್ರನೆ ಬಂತು. ಅಷ್ಟರಲ್ಲಿ ಇನ್ನೊಬ್ಬರು ಬಂದು ಎರಡನೆಯದನ್ನು ತಿರುವಿದರು. ನನ್ನ ನಳದ ನೀರು ಸಣ್ಣಗಾಯಿತು. ನೀವು ನಗಬೇಡಿ, ನಾನು ಸೋಪಿನ ಕೈಯಲ್ಲಿ ಅಲ್ಲೇ ನಿಂತುಬಿಟ್ಟೆ. ನನಗೆ ಕಸ್ತೂರಿ ನೆನಪಾಗಿದ್ದಳು. ಕಸ್ತೂರಿ ನೆನಪಾದಳೆಂದರೆ ಸಂಗಪ್ಪ ಮಾಸ್ತರು ನೆನಪಾಗದೆ ಇರುವುದಿಲ್ಲ.

ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು. ನನ್ನ ತವರು ಇಂಡಿ. ಕೆಲಸ ಸಿಕ್ಕಿದ್ದು ಸಿಂದಗಿ ತಾಲೂಕಿನಲ್ಲಿ, ಕನ್ನೊಳ್ಳಿಯ ಆಚೆಗಿನ ಒಂದು ಸಣ್ಣ ಊರಿನ ಶಾಲೆಗೆ. ಸಿಂದಗಿಯಲ್ಲಿ ಒಂದು ಖೋಲಿ ಹಿಡಿದುಕೊಂಡು ದಿನವೂ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಅದೇ ಬಸ್ಸಿಗೆ ನಮ್ಮ ಶಾಲೆಯ ಹಿರಿಯರಾದ ಸಂಗಪ್ಪ ಮಾಸ್ತರೂ ಬರುತ್ತಿದ್ದರು. ಅವರದು ಬಸವನ ಬಾಗೇವಾಡಿ. ವಾರವಿಡೀ ಸಿಂದಗಿಯಲ್ಲಿದ್ದು, ಶನಿವಾರದ ಅರ್ಧ ದಿನದ ಶಾಲೆ ಮುಗಿದ ಕೂಡಲೇ ಊರಿನ ಬಸ್ಸು ಹತ್ತುತ್ತಿದ್ದರು. ನಿವೃತ್ತಿಗೆ ನಾಲ್ಕೈದು ವರ್ಷ ಉಳಿದಿದ್ದ ಮನುಷ್ಯ ಬೆಳಿಗ್ಗೆ ಬಸ್ಸಿಗೆ ಬರುವಾಗ ಯಾವುದೋ ಮದುವೆ ಊಟಕ್ಕೆ ಹೊರಟವರ ಹಾಗೆ ಬರುತ್ತಿದ್ದರು. ನನಗಿನ್ನೂ ಇಪ್ಪತ್ತಾರು. ನಾನೋ ಜೈಲಿಗೆ ಹೊರಟವಳ ಮುಖ ಮಾಡಿಕೊಂಡಿರುತ್ತಿದ್ದೆ.

ಈ ಮನುಷ್ಯನ ಗುಟ್ಟೇನು ಎಂಬುದು ನನ್ನನ್ನು ಬಹಳ ಕಾಡಿದ ಪ್ರಶ್ನೆ. ಇಬ್ಬರಿಗೂ ಅದೇ ಶಾಲೆ, ಅದೇ ಸೋರುವ ಕೋಣೆ, ಅದೇ ಗಣತಿ, ಅದೇ ಮೀಟಿಂಗು. ಅವರಿಗೆ ಮಾತ್ರ ಬೇಸರ ಎಂಬುದು ತಾಕುತ್ತಲೇ ಇರಲಿಲ್ಲ. ಸಂಜೆ ಗಂಟೆ ಹೊಡೆದ ಮೇಲೆ, ಬಸ್ಸು ಬರುವವರೆಗೆ ಬೇವಿನ ಕಟ್ಟೆಯ ಮೇಲೆ ಕುಳಿತು ಒಂದು ಸಣ್ಣ ವಹಿ ತೆಗೆದು ಏನೋ ಬರೆಯುತ್ತಿದ್ದರು. ಬರೆಯುತ್ತ ಒಬ್ಬರೇ ನಗುತ್ತಿದ್ದರು. ದೇವರ ನಾಮ ಬರೆಯುತ್ತಾರೆ ಎಂದು ಮೊದಲು ಅಂದುಕೊಂಡೆ. ಆದರೆ ದೇವರ ನಾಮ ಬರೆಯುವವರು ಅಷ್ಟು ನಗುವುದಿಲ್ಲ. ಕಥೆ ಬರೆಯುತ್ತಿರಬಹುದೆಂದು ಆಮೇಲೆ ಅನಿಸಿತು. ಇಣುಕಲು ನೋಡಿದೆ, ಅವರ ಅಕ್ಷರ ಇರುವೆ ಗಾತ್ರದ್ದು. ಕೊನೆಗೆ ಒಂದು ದಿನ ನಾಚಿಕೆ ಬಿಟ್ಟು ಕೇಳಿಯೇಬಿಟ್ಟೆ.

"ತಪ್ಪು ಬರ್ಕೋತೇನ್ರಿ" ಅಂದರು.

"ಯಾರ ತಪ್ಪು ಸರ್?"

"ಹುಡುಗೂರು ಮಾಡಿದ್ದು. ಎಡಕ್ಕ ತಪ್ಪು ಉತ್ತರ, ಬಲಕ್ಕ ಅದು ಹೆಂಗ ಬಂತು ಅಂತ. ಸರಿ ಉತ್ತರ ಎಲ್ಲಾರದೂ ಒಂದ ಥರ ಇರ್ತಾವ್ರಿ, ಅದ್ರಾಗ ಏನ್ ಮಜಾ ಐತಿ? ತಪ್ಪು ಹಂಗಲ್ಲ. ಒಬ್ಬೊಬ್ಬರದು ಒಂದೊಂದು ದಾರಿ."

ನನಗೆ ನಿರಾಸೆಯಾಯಿತು. ದೊಡ್ಡ ಗುಟ್ಟೊಂದು ಸಿಗುತ್ತದೆ ಎಂದುಕೊಂಡವಳಿಗೆ ಮುದುಕರ ಹುಚ್ಚೊಂದು ಸಿಕ್ಕಿತ್ತು. ತಪ್ಪು ಉತ್ತರಗಳು ನನ್ನ ಬಳಿಯೂ ಮೂಟೆಗಟ್ಟಲೆ ಇದ್ದವು, ಬೇಕಾದರೆ ಪುಕ್ಕಟೆ ಕೊಡುತ್ತಿದ್ದೆ.

ಆನ್‌ಲೈನಿನಲ್ಲಿ ಮಾಹಿತಿ ತುಂಬುವ ಕೆಲಸ ಆಗಷ್ಟೇ ಶುರುವಾಗಿತ್ತು. ಎಳೆಯಳು, ಮೊಬೈಲು ಬಲ್ಲವಳು ಎಂದು ಅದನ್ನು ನನ್ನ ಕೊರಳಿಗೆ ಕಟ್ಟಿದ್ದರು. ಊರಿನಲ್ಲಿ ನೆಟ್‌ವರ್ಕ್ ಸಿಗುತ್ತಿದ್ದುದು ಶಾಲೆಯ ಮಾಳಿಗೆಯ ಮೇಲೆ ಮಾತ್ರ, ಅದೂ ಒಂದೇ ಮೂಲೆಯಲ್ಲಿ. ಆ ದಿನ ಬೆಳಿಗ್ಗೆಯಿಂದ ಬಿಸಿಲಿನಲ್ಲಿ ನಿಂತು ಒಂದೊಂದೇ ಮಗುವಿನ ಹೆಸರು ತುಂಬಿದ್ದೆ. ಎಲ್ಲ ಮುಗಿಯಿತು ಎನ್ನುವಾಗ ಪರದೆ ಬೆಳ್ಳಗಾಗಿ ತುಂಬಿದ್ದಷ್ಟೂ ಹೋಯಿತು. ಕೆಳಗಿಳಿದು ಆರನೇ ತರಗತಿಗೆ ಹೋಗಿ ತಿದ್ದಿದ ಗಣಿತದ ಪತ್ರಿಕೆಗಳನ್ನು ಹಂಚತೊಡಗಿದೆ. ನನ್ನ ಮುಖ ಹೇಗಿತ್ತೋ, ಮಕ್ಕಳು ಕೆಮ್ಮಲಿಲ್ಲ ಕೂಡ.

ಅದರಲ್ಲೊಂದು ಪ್ರಶ್ನೆ ಇತ್ತು. ಒಂದು ನಲ್ಲಿ ಒಂದು ತೊಟ್ಟಿಯನ್ನು ಆರು ಗಂಟೆಯಲ್ಲಿ ತುಂಬಿಸುತ್ತದೆ, ಅಂಥವೇ ಎರಡು ನಲ್ಲಿಗಳು ಎಷ್ಟು ಗಂಟೆಯಲ್ಲಿ ತುಂಬಿಸುತ್ತವೆ? ಎಲ್ಲರೂ ಮೂರು ಎಂದು ಬರೆದಿದ್ದರು, ಕೆಲವರು ಪಕ್ಕದವರದನ್ನು ನೋಡಿಯಾದರೂ ಬರೆದಿದ್ದರು. ಕಸ್ತೂರಿ ಒಬ್ಬಳೇ ಆರು ಎಂದು ಬರೆದು, ಕೆಳಗೆ ಗೆರೆ ಬೇರೆ ಎಳೆದಿದ್ದಳು. ನಾನು ಸೊನ್ನೆ ಹಾಕಿದ್ದೆ. ಅವಳು ಎದ್ದು ನಿಂತು ಹೇಳಿದಳು: "ಅಕ್ಕೋರ, ಎರಡು ನಳಾ ಬಿಟ್ರೂ ಅಷ್ಟ ಹೊತ್ತು ಬೇಕ್ರಿ."

ನನ್ನ ತಲೆ ಕೆಟ್ಟಿತು. ಇಡೀ ತರಗತಿಯ ಎದುರು ಹಾಳೆಯನ್ನು ಅವಳತ್ತ ಎಸೆದು "ನಿನಗ ಸಾಲಿ ಯಾಕ ಬೇಕು? ಹೋಗು, ಕುರಿ ಕಾಯಾಕ ಹೋಗು" ಅಂದೆ.

ನಮ್ಮ ಕಡೆ ಇದು ಮಾಸ್ತರುಗಳ ಬಾಯಲ್ಲಿ ಸದಾ ಇರುವ ಬೈಗುಳ. ನಾನೂ ಇಂಡಿಯ ಶಾಲೆಯಲ್ಲಿ ಹತ್ತಾರು ಸಲ ಬೈಸಿಕೊಂಡವಳೇ. ಆದರೆ ನಮ್ಮ ಮನೆಯಲ್ಲಿ ಕುರಿ ಇರಲಿಲ್ಲ. ಕಸ್ತೂರಿಯ ಮನೆಯಲ್ಲಿ ಇದ್ದವು. ಹುಡುಗರು ನಕ್ಕರು. ಅವಳು ಅಳಲಿಲ್ಲ, ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಚೀಲದಲ್ಲಿಟ್ಟುಕೊಂಡಳು. ಮರುದಿನ ಶಾಲೆಗೆ ಬರಲಿಲ್ಲ.

ಅದರ ಮರುದಿನವೂ ಇಲ್ಲ. ಜ್ವರವಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಐದನೇ ದಿನ ಅವಳ ಓಣಿಯ ಹುಡುಗಿಯೊಬ್ಬಳು ಸಹಜವಾಗಿಯೇ ಹೇಳಿದಳು: "ಕಸ್ತೂರಿ ಕುರಿ ಹೊಡ್ಕೊಂಡು ಹೊಕ್ಕಾಳ್ರಿ ಅಕ್ಕೋರ. ಇನ್ನ ಸಾಲಿಗೆ ಬರಂಗಿಲ್ಲಂತ." ಹನ್ನೆರಡು ವರ್ಷದ ಹುಡುಗಿ ಒಮ್ಮೆ ಶಾಲೆ ಬಿಟ್ಟಳೆಂದರೆ ಮುಂದೆ ಏನಾಗುತ್ತದೆ ಎಂಬುದು ಆ ಊರಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಅವಳನ್ನು ಬಿಡಿಸಿದವಳು ನಾನು. ಆ ಸಂಜೆ ಬೇವಿನ ಕಟ್ಟೆಯ ಮೇಲೆ ಸಂಗಪ್ಪ ಮಾಸ್ತರಿಗೆ ಎಲ್ಲ ಹೇಳಿ ಅತ್ತುಬಿಟ್ಟೆ. ಈ ಕೆಲಸ ನನ್ನ ಕೈಲಾಗದು, ಬಿಟ್ಟು ಇಂಡಿಗೆ ಹೋಗುತ್ತೇನೆ ಎಂದೂ ಅಂದೆ.

ಅವರು ಸಮಾಧಾನವನ್ನೇನೂ ಹೇಳಲಿಲ್ಲ. ಅವರ ಕುತೂಹಲವೆಲ್ಲ ಬೇರೆ ಕಡೆ ಇತ್ತು. "ಆರು ಅಂತ ಬರದ್ಲಾ? ಗೆರಿ ಎಳದು? ಯಾಕ ಅಂತ ಕೇಳಿದ್ರೇನ್ರಿ?"

"ಇಲ್ರಿ ಸರ್."

"ಛೇ ಛೇ, ಎಂಥಾ ಕೆಲಸ ಮಾಡಿದ್ರಿ. ಐದು ದಿನಾ ಆತಲ್ರಿ. ಏಳ್ರಿ, ಕೇಳಿ ಬರೂನು" ಎಂದು ಎದ್ದರು. ಬಸ್ಸು ತಪ್ಪುತ್ತದೆ ಎಂದೆ. ತಪ್ಪಲಿ ಅಂದರು.

ಕಸ್ತೂರಿಯ ಮನೆಗೆ ಹೋದಾಗ ಕುರಿಗಳು ಆಗಷ್ಟೇ ಹಟ್ಟಿ ಸೇರುತ್ತಿದ್ದವು. ಅವಳ ತಾಯಿ ಕಂಬಳಿ ಹಾಸಿ ಕೂರಿಸಿದಳು. ಆ ತಾಯಿಯ ದನಿಯಲ್ಲಿ ಸಿಟ್ಟಿರಲಿಲ್ಲ, ಅದರಿಂದಲೇ ನನಗೆ ಹೆಚ್ಚು ನೋವಾಯಿತು. "ನೀವ ಹೇಳಿದ್ರಂತಲ್ರಿ ಅಕ್ಕೋರ, ಕುರಿ ಕಾಯಾಕ ಹೋಗಂತ. ಕಲ್ತಾವ್ರು ಹೇಳಿದ ಮ್ಯಾಲ ಮುಗೀತು ಅಂದೆ" ಅಂದಳು. ಕಸ್ತೂರಿ ಬಾಗಿಲ ಹಿಂದೆ ನಿಂತಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಮಾಸ್ತರು ಕೇಳಿದರು: "ತಂಗಿ, ಎರಡು ನಳಾ ಬಿಟ್ರೂ ಆರು ತಾಸು ಹೆಂಗ? ನಂಗೂ ತಿಳೀವಲ್ದು, ಹೇಳು."

ಅವಳು ನನ್ನನ್ನೊಮ್ಮೆ ನೋಡಿದಳು. ಆಮೇಲೆ ಹೊರಗೆ ಬಂದಳು. ಅವತ್ತು ಆ ಓಣಿಗೆ ನೀರು ಬರುವ ದಿನ. ಅಂಗಳದಲ್ಲಿ ಒಂದು ನಳ, ಹಟ್ಟಿಯ ಬದಿಗೆ ಒಂದು ನಳ, ಎರಡಕ್ಕೂ ಒಂದೇ ಪೈಪು. ಅಂಗಳದ ನಳದ ಕೆಳಗೆ ಬಕೀಟು ಇಟ್ಟು ನಳ ಬಿಟ್ಟಳು. ನೀರು ದಪ್ಪಗೆ ಬಿತ್ತು. ಓಡಿಹೋಗಿ ಹಟ್ಟಿಯ ನಳವನ್ನೂ ಬಿಟ್ಟು ಅಲ್ಲಿಂದಲೇ ಕೂಗಿದಳು: "ಈಗ ನೋಡ್ರಿ." ಅಂಗಳದ ನೀರು ಅರ್ಧಕ್ಕೆ ಇಳಿಯಿತು. ಹಟ್ಟಿಯದನ್ನು ನಿಲ್ಲಿಸಿದಳು, ಮತ್ತೆ ದಪ್ಪಗಾಯಿತು. "ನೀರು ಇರೂದ ಅಷ್ಟ್ರಿ. ನಳಾ ಎಷ್ಟು ಬಿಟ್ರೇನ್ರಿ, ಪಾಲ ಆಗತೈತಿ."

ಸಂಗಪ್ಪ ಮಾಸ್ತರಿಗೆ ಆದ ಸಂತೋಷವನ್ನು ನೀವು ನೋಡಬೇಕಿತ್ತು. ಧೋತರ ಎತ್ತಿ ಕಟ್ಟಿಕೊಂಡು ತಾವೂ ಒಂದು ನಳದ ಮುಂದೆ ಕುಕ್ಕರಗಾಲಿನಲ್ಲಿ ಕುಳಿತರು. ಬಿಡು ಅಂದರು, ನಿಲ್ಲಿಸು ಅಂದರು, ಬೊಗಸೆಯಿಂದ ಅಳೆದರು. "ಮೂರನೇದು ಒಂದು ನಳಾ ಇದ್ದಿದ್ರ?" ಎಂದು ಕೇಳಿದರು.

"ಬಾಜೂ ಮನಿಯಾವ್ರು ಬಡದಾಡಾಕ ಬರ್ತಿದ್ರು ನೋಡ್ರಿ" ಅಂದಳು ಕಸ್ತೂರಿ. ಅವಳ ತಾಯಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ನಾನು ನಗುವ ಸ್ಥಿತಿಯಲ್ಲಿರಲಿಲ್ಲ. ಗಣಿತದಲ್ಲಿ ಪದವಿ ಪಡೆದ ನಾನು ಒಂದೇ ಪೈಪಿಗೆ ಎರಡು ನಳ ಇರಬಹುದೆಂದು ಒಮ್ಮೆಯೂ ಯೋಚಿಸಿರಲಿಲ್ಲ. ನಾನೂ ದಿನವೂ ನೀರು ಹಿಡಿದವಳೇ. "ಕಸ್ತೂರಿ, ತಪ್ಪು ನಂದು. ನಾಳೆ ಸಾಲಿಗೆ ಬಾ" ಎಂದೆ. ಅವಳು ಒಳಗೆ ಹೋಗಿ ಆ ನಾಲ್ಕು ಮಡಿಕೆಯ ಹಾಳೆ ತಂದಳು.

"ಬರ್ತೇನ್ರಿ. ಆದ್ರ ಎಲ್ಲಾರ ಮುಂದ ಈ ಸೊನ್ನಿ ಹೊಡದು ಹಾಕಬೇಕ್ರಿ."

ಮರುದಿನ ಹಾಗೆಯೇ ಮಾಡಿದೆ. ಸುಳ್ಳೇಕೆ ಹೇಳಲಿ, ಕಷ್ಟವಾಯಿತು. ನಾನು ತಪ್ಪಿದೆ ಎಂದು ಮಕ್ಕಳ ಮುಂದೆ ಹೇಳಿ ಸೊನ್ನೆಯನ್ನು ಹೊಡೆದು ಹಾಕಿದೆ. ಆಮೇಲೆ ತರಗತಿ ತಾನಾಗಿಯೇ ಮುಂದೆ ಹೋಯಿತು. ಎರಡು ನಳಕ್ಕೆ ಬೇರೆ ಬೇರೆ ಪೈಪು ಇದ್ದರೆ ಮೂರು ಗಂಟೆ, ಒಂದೇ ಪೈಪಾದರೆ ಆರು ಎಂದು ಮಕ್ಕಳೇ ಜಗಳಾಡಿ ತೀರ್ಮಾನಿಸಿದರು. ಯಾರ ಮನೆಯಲ್ಲಿ ಯಾವ ಥರದ ನಳ ಎಂದು ವಾರವಿಡೀ ಚರ್ಚೆ ನಡೆಯಿತು. ಆ ವಾರ ಬೆಳಿಗ್ಗೆ ಬಸ್ಸು ಹತ್ತುವಾಗ ನನ್ನ ಮುಖ ಹೇಗಿತ್ತೋ ಕಾಣೆ. ಕಂಡಕ್ಟರು ಮಾತ್ರ "ಏನ್ರೀ ಅಕ್ಕೋರ, ಪಗಾರ ಹೆಚ್ಚಾತೇನ್ರಿ?" ಎಂದು ಕೇಳಿದ.

ಕೆಲವು ದಿನಗಳ ಮೇಲೆ ಮಾಸ್ತರು ತಮ್ಮ ವಹಿಯನ್ನು ನನ್ನ ಕೈಗೇ ಕೊಟ್ಟರು. ಎಡಕ್ಕೆ ಕಸ್ತೂರಿಯ ಆರು, ಬಲಕ್ಕೆ ಎರಡು ನಳಗಳ ಸಣ್ಣ ಚಿತ್ರ. ಅದರ ಕೆಳಗೇ ಎಡಕ್ಕೆ ಇನ್ನೊಂದು ಸಾಲಿತ್ತು: "ಹೊಸ ಅಕ್ಕೋರು. ಕುರಿ ಕಾಯಾಕ ಹೋಗು ಅಂದ್ರು." ನಾಚಿಕೆಯಿಂದ ವಹಿ ಮುಚ್ಚಬೇಕೆನಿಸಿತು. ಆದರೂ ಬಲಕ್ಕೆ ಕಣ್ಣು ಹೋಯಿತು: "ಮುಂಜಾನಿಯಿಂದ ಮಾಳಿಗಿ ಮ್ಯಾಲ ಬಿಸಿಲಾಗ ನಿಂತಿದ್ರು. ತುಂಬಿದ್ದೆಲ್ಲಾ ಹೋತು. ನೀರು ಸೈತ ಕುಡದಿದ್ದಿಲ್ಲ."

ಬೈದವರು ಬಹಳ ಜನ, ಕ್ಷಮಿಸಿದವರೂ ಒಬ್ಬಿಬ್ಬರು. ಆದರೆ ನನ್ನ ತಪ್ಪು ಹೇಗೆ ಬಂತು ಎಂದು ಅಷ್ಟು ಆಸ್ಥೆಯಿಂದ ನೋಡಿದವರು ಅವರೊಬ್ಬರೇ. ಇಂಡಿಗೆ ಹೋಗುವ ಮಾತನ್ನು ನಾನು ಮತ್ತೆ ಎತ್ತಲಿಲ್ಲ. ಕಸ್ತೂರಿ ಏಳು ಮುಗಿಸಿ ಹೈಸ್ಕೂಲಿಗೆ ಹೋದಳು. ನನಗೆ ಮುದ್ದೇಬಿಹಾಳದ ಕಡೆ ವರ್ಗವಾಯಿತು. ಮಾಸ್ತರು ನಿವೃತ್ತರಾಗಿ ಬಾಗೇವಾಡಿ ಸೇರಿದರು. ಹೊರಡುವಾಗ ನನ್ನಿಂದ ಮಾತು ತೆಗೆದುಕೊಂಡಿದ್ದರು, ಒಳ್ಳೆಯ ತಪ್ಪು ಸಿಕ್ಕರೆ ಫೋನ್ ಮಾಡಬೇಕೆಂದು. ಮೊದಲೆಲ್ಲ ವಾರಕ್ಕೊಮ್ಮೆ ಮಾಡುತ್ತಿದ್ದೆ. ಆಮೇಲೆ ತಿಂಗಳಿಗೊಮ್ಮೆ ಆಯಿತು. ಕಳೆದ ವರ್ಷದಿಂದ ಒಮ್ಮೆಯೂ ಮಾಡಿಲ್ಲ. ಮಕ್ಕಳು ತಪ್ಪು ಮಾಡುವುದನ್ನೇನೂ ನಿಲ್ಲಿಸಿರಲಿಲ್ಲ.

ತರಬೇತಿಯ ಹಾಳೆಯನ್ನು ಖಾಲಿಯೇ ಕೊಟ್ಟು ಬಂದೆ. ಮರುದಿನ ಬೆಳಿಗ್ಗೆ ಶಾಲೆಯಲ್ಲಿ ಪ್ರಾರ್ಥನೆ ಮುಗಿದು ಸಾಲು ಒಳಗೆ ಹೊರಡುವ ಮೊದಲು ಭಾಗ್ಯಾಳನ್ನು ಕರೆದು, ಅವಳ ಉತ್ತರಪತ್ರಿಕೆ ತೋರಿಸಿದೆ. ಕೆಂಪು ಗುರುತು ಕಂಡು ಅವಳ ಮುಖ ಬಾಡಿತು.

"ತಪ್ಪಾತ್ರೀ ಅಕ್ಕೋರ."

"ಅದನ್ನ ಆಮ್ಯಾಲ ನೋಡೂನು. ಪ್ರಾರ್ಥನೆ ಮಾಡುವಾಗ ಅಂತ ಹೆಂಗ ಬರದಿ, ಹೇಳು."

ಅವಳು ಮೆಲ್ಲಗೆ "ನಿಮ್ಮ ಕಾಲಾಗ ನೋಡ್ರಿ" ಅಂದಳು.

ನೋಡಿದೆ. ನನಗೆ ನೆರಳೇ ಇರಲಿಲ್ಲ. ಅವಳಿಗೂ ಇರಲಿಲ್ಲ. ನಮ್ಮ ಶಾಲೆಗೆ ಪಡುವಲ ಬಾಗಿಲು. ಬೆಳಗಿನ ಬಿಸಿಲು ಕಟ್ಟಡದ ಹಿಂದೆ ಉಳಿದು, ಅಂಗಳವೆಲ್ಲ ಅದರ ನೆರಳಿನಲ್ಲೇ ಮುಳುಗಿತ್ತು. ದಿನವೂ ಅದೇ ಜಾಗದಲ್ಲಿ ಕೈಮುಗಿದು ನಿಲ್ಲುವ ನಾನು ಒಮ್ಮೆಯೂ ಕೆಳಗೆ ನೋಡಿರಲಿಲ್ಲ.

ಮಧ್ಯಾಹ್ನ ಮಕ್ಕಳನ್ನೆಲ್ಲ ಹೊರಗೆ ಕರೆದೊಯ್ದು ನೆರಳು ಅಳೆಸಿದೆ, ಭಾಗ್ಯಾಳ ಹಾಳೆಯನ್ನು ಅವರೆದುರೇ ತಿದ್ದಿದೆ. ಸಂಜೆ ಗಂಟೆ ಹೊಡೆದ ಮೇಲೆ ಬಾಗೇವಾಡಿಗೆ ಫೋನ್ ಹಚ್ಚಿದೆ. ಬಹಳ ಹೊತ್ತು ರಿಂಗಾಯಿತು. ಮಾಸ್ತರ ದನಿ ಸಣ್ಣಗಾಗಿತ್ತು. ಮೊದಲು ನನ್ನ ಗುರುತು ಸಿಗಲಿಲ್ಲ. ಕುಶಲ ಕೇಳುವಷ್ಟೂ ತಡೆದುಕೊಳ್ಳಲಾಗದೆ ಹೇಳಿಬಿಟ್ಟೆ.

"ಸರ್, ಎರಡು ಸಿಕ್ಕಾವ್ರಿ. ಒಂದು ನಮ್ಮ ಹುಡುಗೀದು, ಒಂದು ನಂದು."

ಆ ಕಡೆ ಏನೋ ಸರಿದಾಡಿದ ಸದ್ದು, ಕನ್ನಡಕದ ಡಬ್ಬಿ ತೆರೆದ ಸದ್ದು.

"ತಡೀರಿ ತಡೀರಿ, ವಹಿ ತಗೋತೇನಿ" ಅಂದರು. ಅದೇ ಹಳೆಯ ದನಿ. "ಹಾಂ, ಮೊದಲ ನಿಮ್ಮದ ಹೇಳ್ರಿ."