ಬಲಗಡೆಯ ಸೀಟಿನ ಕಾಕು

ಕಾಕುವಿನ ಬಲಗೈ ಎಡಗೈಗಿಂತ ಕಪ್ಪಾಗಿತ್ತು. ಮೊಣಕೈಯಿಂದ ಬೆರಳ ತುದಿಯವರೆಗೆ, ಬೇರೆ ಯಾರದೋ ಕೈ ತಂದು ಜೋಡಿಸಿದ ಹಾಗೆ. ಹಸಿರು ಬಳೆಗಳನ್ನು ಮೇಲೆ ಸರಿಸಿದಾಗ ಮಾತ್ರ ಅಡಿಯಲ್ಲಿ ಹಳೆಯ ಗೋಧಿ ಬಣ್ಣ ಕಾಣುತ್ತಿತ್ತು. ಹೊಲದಲ್ಲಿ ದುಡಿದು ಕಪ್ಪಾದ ಕೈಯಲ್ಲ ಅದು, ಕಾರಿನ ಕಿಟಕಿಯ ಮೇಲೆ ಇಟ್ಟು ಕೂತು ಕಪ್ಪಾದ ಕೈ.

ನಾನು ಗದುಗಿನಿಂದ ಮದುವೆಯಾಗಿ ಪುಣೆಗೆ ಬಂದಾಗ, ಹಡಪಸರದ ನಮ್ಮ ಕಟ್ಟಡದಲ್ಲಿ ಕೆಳಗಿನ ಮನೆಯವರು ಅವರು. ವಿಜಯಪುರದ ಕಡೆಯ ಗಂಡ ಹೆಂಡತಿ. ನೆಂಟರೇನಲ್ಲ, ಆದರೂ ಮೊದಲ ದಿನವೇ ಕಾಕಾ, ಕಾಕು ಆಗಿಬಿಟ್ಟರು. ನನಗೆ ಮರಾಠಿ ಬರುತ್ತಿರಲಿಲ್ಲ. ತರಕಾರಿಯವನು ಹೇಳಿದ್ದಕ್ಕೆಲ್ಲ ತಲೆಯಾಡಿಸಿ ಬರುತ್ತಿದ್ದೆ. "ಅಂವಾ ಏನಂದ್ರೂ ಮೊದಲು 'ಕಾಯ್?' ಅಂತ ಜೋರಾಗಿ ಕೇಳು. ಅರ್ಧ ರೇಟು ಅಲ್ಲೇ ಇಳೀತದ," ಎಂದು ಮರಾಠಿಯ ಮೊದಲ 'ಏನು?' ಕಲಿಸಿದವರು ಕಾಕು. ಸ್ಕೂಟರ್ ಕಲಿಸಿದವರೂ ಅವರೇ. ತಾವು ಜನ್ಮದಲ್ಲಿ ಹ್ಯಾಂಡಲ್ ಹಿಡಿದವರಲ್ಲ. ನನ್ನ ಹಿಂದೆ ಕೂತು, ಬೆನ್ನಿಗೆ ಬೆರಳು ಚುಚ್ಚಿ "ಹೋಗು", "ತಡಿ" ಎಂದು ಎರಡೇ ಮಾತಿನಲ್ಲಿ ಕಲಿಸಿದರು.

ಆ ಎರಡು ಮಾತು ಅವರಿಗೆ ಬಂದದ್ದು ಕಾರಿನಿಂದ. ಕಾಕಾ ಕಾರ್ಖಾನೆಯೊಂದರ ಲೇಥ್ ವಿಭಾಗದಲ್ಲಿ ಮೇಲ್ವಿಚಾರಕರಾಗಿದ್ದವರು. ಪುಣೆಯ ಕ್ಯಾಂಪ್ ಬಡಾವಣೆಯ ಹಳೇ ಬಂಗಲೆಯೊಂದರ ಹಿತ್ತಲಲ್ಲಿ ತುಕ್ಕು ಹಿಡಿದು ಬಿದ್ದಿದ್ದ ಅಮೆರಿಕದ ಕಾರೊಂದನ್ನು ತಂದು, ವರ್ಷಗಟ್ಟಲೆ ಅದರ ಅಡಿಯಲ್ಲೇ ಮಲಗಿ ಎಬ್ಬಿಸಿ ನಿಲ್ಲಿಸಿದ್ದರು. ಎರಡೇ ಬಾಗಿಲು, ಉದ್ದನೆಯ ಬಾನೆಟ್ಟು, ಕಡುನೀಲಿ ಬಣ್ಣ. ಸ್ಟಾರ್ಟ್ ಮಾಡಿದರೆ ನಮ್ಮ ಮನೆಯ ಕಪಾಟಿನಲ್ಲಿ ಲೋಟಗಳು ನಡುಗುತ್ತಿದ್ದವು. ಕಾಕು ಅದನ್ನು ಕಾರು ಅನ್ನುತ್ತಲೇ ಇರಲಿಲ್ಲ. "ಕ್ವಾಣ" ಅನ್ನುತ್ತಿದ್ದರು. "ಕ್ವಾಣಕ್ಕ ನೀರು ಕುಡಿಸಿ ಬರ್ತಾರ, ಕೂಡು," ಎಂದು ನನಗೆ ಚಹಾ ಕೊಡುತ್ತಿದ್ದರು.

ಅಮೆರಿಕದ ಕಾರಾದ್ದರಿಂದ ಅದರ ಸ್ಟೇರಿಂಗು ಎಡಗಡೆಗಿತ್ತು. ನಮ್ಮ ರಸ್ತೆಯಲ್ಲಿ ಎಡಗಡೆ ಕೂತು ಓಡಿಸುವವನಿಗೆ ಮುಂದಿನ ಲಾರಿಯ ಬೆನ್ನು ಬಿಟ್ಟರೆ ಏನೂ ಕಾಣುವುದಿಲ್ಲ. ಆ ಲಾರಿಯನ್ನು ಹಿಂದೆ ಹಾಕಬೇಕೆಂದರೆ, ಎದುರಿಗೆ ಏನು ಬರುತ್ತಿದೆ ಎಂದು ಬಲಗಡೆ ಕೂತವರೇ ನೋಡಿ ಹೇಳಬೇಕು. ಕಾಕು ಕಿಟಕಿಯ ಮೇಲೆ ಕೈಯೂರಿ, ಕತ್ತು ಹೊರಗೆ ಚಾಚಿ ನೋಡಿ "ಹೋಗ್ರಿ" ಅಥವಾ "ತಡೀರಿ" ಅನ್ನುವರು. ಅವರ ಮಾತಿಲ್ಲದೆ ಕಾಕಾ ಒಂದು ಸೈಕಲ್ಲನ್ನೂ ದಾಟಿದವರಲ್ಲ. "ಎರಡು ಮನಸ್ಸಾದ್ರ 'ತಡಿ' ಅನ್ನಬೇಕು," ಎನ್ನುವುದು ಕಾಕುವಿನ ನಿಯಮ.

ಸಿಗ್ನಲ್ಲಿನಲ್ಲಿ ಹುಡುಗರು ಇವರನ್ನು ನೋಡಿ "ಆಜಿ ಗಾಡಿ ಚಾಲವತೆ!" ಎಂದು ಕೂಗುತ್ತಿದ್ದರು. ಅಜ್ಜಿಯೇ ಓಡಿಸುತ್ತಿದ್ದಾಳೆ ಎಂದು. ಕಾಕು ಎರಡೂ ಕೈ ಮೇಲೆತ್ತಿ ತೋರಿಸಿ ಅವರನ್ನು ಇನ್ನಷ್ಟು ಹೆದರಿಸುತ್ತಿದ್ದರು. ಟ್ರಾಫಿಕ್ ಪೋಲೀಸನೊಬ್ಬ ಬಂದು ಇವರ ಹತ್ತಿರ ಲೈಸೆನ್ಸು ಕೇಳಿದಾಗ, ನಗದೆ, ಹೆಬ್ಬೆರಳಿನಿಂದ ಗಂಡನ ಕಡೆ ತೋರಿಸಿ "ತಿಕಡೇ ವಿಚಾರಾ", ಆ ಕಡೆ ಕೇಳು, ಎಂದಿದ್ದರು.

ವರ್ಷಕ್ಕೊಮ್ಮೆ ಕ್ವಾಣ ಜೇಜುರಿಗೆ ಹೋಗಲೇಬೇಕು. ಖಂಡೋಬಾ ಅವರ ಮನೆದೇವರು. ಆ ಸಲ ಹಿಂದಿನ ಸೀಟಿನಲ್ಲಿ ನಾನೂ ನನ್ನ ಮಗಳೂ ಇದ್ದೆವು. ದರ್ಶನ ಮುಗಿಸಿ, ಸಾಸವಡದಲ್ಲಿ ಊಟ ಮಾಡಿ, ದಿವೆ ಘಾಟು ಇಳಿಯುತ್ತಿದ್ದೆವು. ಮುಂದೆ ಕಬ್ಬಿನ ಟ್ರ್ಯಾಕ್ಟರ್ ತೆವಳುತ್ತಿತ್ತು. ಕಾಕಾ "ಹ್ಞಾಂ?" ಎಂದರು. ಕಾಕು "ಹೋಗ್ರಿ" ಎಂದರು. ಕಾರು ಬಲಕ್ಕೆ ಹೊರಬಿದ್ದಾಗ ಎದುರಿಗೆ ಬಸ್ಸಿತ್ತು.

ಕಾಕಾ ಹೇಗೆ ಬ್ರೇಕ್ ಒತ್ತಿದರೋ, ಹೇಗೆ ಮತ್ತೆ ಟ್ರ್ಯಾಕ್ಟರಿನ ಹಿಂದೆ ಸೇರಿದರೋ ತಿಳಿಯದು. ಬಸ್ಸು ಕಿರುಚಿಕೊಂಡು ಹೋಯಿತು. ಕಾಕುವಿನ ಮಡಿಲಲ್ಲಿದ್ದ ಭಂಡಾರದ ಪೊಟ್ಟಣ ಒಡೆದು ಕಾರಿನ ತುಂಬ ಅರಿಶಿನ. ಮಗಳು ಹಳದಿ ಮುಖದಲ್ಲಿ ಅಳತೊಡಗಿದಳು. ಕಾಕಾ ಕಾರನ್ನು ಬದಿಗೆ ನಿಲ್ಲಿಸಿ, ಇಳಿದು, ಮುಖ ತೊಳೆದುಕೊಂಡು ಬಂದು ಹೇಳಿದರು: "ಬ್ರೇಕ್ ತಡಾ ಹಿಡೀತು. ಮೊದಲಿನಂಗ ಇಲ್ಲ ಇದು." ಆ ಕಾರಿನ ಮೇಲೆ ಒಂದು ಮಾತು ಬಂದರೂ ಮೈಮೇಲೆ ಬರುತ್ತಿದ್ದ ಮನುಷ್ಯ! ಮನೆ ಮುಟ್ಟುವವರೆಗೆ ಕಾಕಾ ಯಾವ ಗಾಡಿಯನ್ನೂ ದಾಟಲಿಲ್ಲ, "ಹ್ಞಾಂ?" ಎಂದು ಕೇಳಲೂ ಇಲ್ಲ.

ಮರುವಾರ ಕಾರು ಮಾರಾಟಕ್ಕಿದೆ ಎಂದು ಕಾಕಾ ಫೋಟೋ ಸಮೇತ ನೆಟ್ಟಿಗೆ ಹಾಕಿಸಿದರು. ಕೇಳಿದವರಿಗೆಲ್ಲ ಪೆಟ್ರೋಲು, ಪಾರ್ಕಿಂಗು ಎಂದು ಏನೇನೋ ಕಾರಣ. ಅದೇ ದಿನ ಮಧ್ಯಾಹ್ನ ಕಾಕು ಮೇಲೆ ಬಂದು ಬಾಗಿಲಲ್ಲೇ ನಿಂತು, "ನನ್ನ ಜೋಡಿ ಕಣ್ಣಿನ ಡಾಕ್ಟರ್ ಹಂತ್ಯಾಕ ಬರ್ತೀಯೇನವಾ?" ಎಂದರು.

ಡಾಕ್ಟರರು ಗ್ಲಾಕೋಮಾ ಎಂದರು. ಕಣ್ಣಿನ ಅಂಚುಗಳು ಆಗಲೇ ಹೋಗಿವೆ, ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಔಷಧಿ ಹಾಕಿ ಕಾಯ್ದುಕೊಳ್ಳಬೇಕು. ನಮಗೆ ಯಾರಿಗೂ ಹೊಳೆದಿರಲಿಲ್ಲ. ನಡುವಿನದೆಲ್ಲ ಚೆನ್ನಾಗಿ ಕಾಣುತ್ತಿತ್ತಲ್ಲ! ಸೂಜಿಗೆ ದಾರ ಪೋಣಿಸುವರು, ಅಕ್ಕಿಯ ಹರಳು ಆರಿಸುವರು. ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಂಡಾಗ ನಾವು ಅವಸರ ಎಂದುಕೊಂಡಿದ್ದೆವು.

ರಿಕ್ಷಾದಲ್ಲಿ ಕೇಳಿದೆ, ಯಾವಾಗಿನಿಂದ ಹೀಗೆ ಎಂದು.

"ಹ್ವಾದ ಯುಗಾದಿಯಿಂದ. ಕಿವಿ ಮ್ಯಾಲ ಹೇಳ್ತಿದ್ದೆ. ಸಪ್ಪಳ ಕೇಳಿ."

ನನಗೆ ಮೈ ಉರಿದುಹೋಯಿತು. ಒಂದು ವರ್ಷದಿಂದ ಈಕೆ ಕಿವಿಯ ಮೇಲೆ "ಹೋಗ್ರಿ" ಅನ್ನುತ್ತಿದ್ದಾರೆ, ಘಾಟಿನಲ್ಲಿ ನನ್ನ ಮಗಳನ್ನು ಹಿಂದೆ ಕೂರಿಸಿಕೊಂಡೂ! ರಿಕ್ಷಾದವನು ತಿರುಗಿ ನೋಡುವಷ್ಟು ಜೋರಾಗಿ ಬೈದೆ. ಕಾಕು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಎಲ್ಲ ಕೇಳಿಸಿಕೊಂಡರು.

"ಖರೆ ಅದ. ಆದ್ರ ಆ ಸೀಟ್ ಬಿಟ್ಟರ ನಾ ಏನವಾ ಅವರಿಗೆ? ಅಡಗಿ ಮಾಡಾಕಿ. ಅಲ್ಲಿ ಕೂತಾಗಷ್ಟ ಅವರು ನನ್ನ ಕೇಳತಿದ್ರು. ನಿಮ್ಮ ಕಾಕಾಗ ಹೇಳಬ್ಯಾಡ."

ಮತ್ತೆ ಆ ಸೀಟಿನಲ್ಲಿ ಕೂಡುವುದಿಲ್ಲ ಎಂದು ಮಾತು ಕೊಟ್ಟರೆ ಹೇಳುವುದಿಲ್ಲ ಎಂದೆ. ಕೊಟ್ಟರು.

ಕೊಳ್ಳಲು ಬಂದವನು ಖರಾಡಿಯಲ್ಲಿ ಕೆಲಸ ಮಾಡುವ ಬೆಂಗಳೂರಿನ ಹುಡುಗ. ಕಾರಿನ ಸುತ್ತ ತಿರುಗಿ ತಿರುಗಿ "ಅಂಕಲ್, ಎಂಥಾ ರೆಸ್ಟೊರೇಶನ್ ಮಾಡಿದ್ದೀರ, ಸೂಪರ್!" ಅನ್ನುತ್ತಿದ್ದ. ಓಡಿಸಿ ನೋಡುತ್ತೇನೆಂದ. ಕಾಕಾ ಕೀಲಿಕೈ ಕೊಟ್ಟರು. ಅಷ್ಟರಲ್ಲಿ ಕಾಕು, ಇಷ್ಟು ವರ್ಷ ಹತ್ತಿದ ಹಾಗೆಯೇ, ಬಲಗಡೆ ಹತ್ತಿ ಕೂತುಬಿಟ್ಟಿದ್ದರು. ನಾನು ಬಾಯಿ ತೆರೆದೆ. ಕಾಕು ನನ್ನ ಕಡೆ ನೋಡಲಿಲ್ಲ. ಕಾಕಾನ ಪಕ್ಕ ಹಿಂದೆ ತುರುಕಿಕೊಂಡು ಕೂಡುವುದೊಂದೇ ನನಗೆ ಉಳಿದ ದಾರಿ.

ಸಾಸವಡದ ರಸ್ತೆಯಲ್ಲಿ ಮುಂದೊಂದು ಟೆಂಪೊ ಸಿಕ್ಕಿತು. ಹುಡುಗ ಕತ್ತು ಅತ್ತಿತ್ತ ಮಾಡಿ, "ಆಂಟಿ, ನಂಗೆ ಏನೂ ಕಾಣ್ತಿಲ್ಲ. ಹೋಗ್ಲಾ?" ಎಂದ.

ಕಾಕುವಿನ ಕಪ್ಪು ಕೈ ಕಿಟಕಿಯ ಅಂಚನ್ನು ಹಿಡಿದುಕೊಂಡಿತು. ಕತ್ತು ಹೊರಗೆ ಚಾಚಿದರು. ಇನ್ನು ಕೂಗಿಯೇ ಬಿಡಬೇಕು ಎಂದು ನಾನು ಮುಂದಕ್ಕೆ ಬಾಗಿದ್ದೆ.

"ತಡಿಯಪಾ," ಎಂದರು ಕಾಕು. ಆಮೇಲೆ ಸಣ್ಣ ದನಿಯಲ್ಲಿ, "ನಂಗೂ ಕಾಣವಲ್ದು. ನನ್ನ ಕೇಳಬ್ಯಾಡ."

ಹುಡುಗ ಗಾಡಿಯನ್ನು ಬದಿಗೆ ನಿಲ್ಲಿಸಿದ. ಹಿಂದಿನಿಂದ ಕಾಕಾ ಹೇಳಿದರು, "ಗೊತ್ತದ ನಂಗ. ಘಾಟಿನಾಗಽ ಗೊತ್ತಾತು."

"ಮತ್ತ ಬ್ರೇಕಿನ ಮ್ಯಾಲ ಯಾಕ ಹಾಕಿದ್ರಿ?"

"ಬ್ರೇಕ್ ಅಳೂದಿಲ್ಲ ನೋಡು."

ಅಷ್ಟಕ್ಕೇ ಕಾಕು ಅತ್ತುಬಿಟ್ಟರು. ಆ ಹುಡುಗ ಪಾಪ, ತಾನೇನು ತಪ್ಪು ಮಾಡಿದೆನೋ ಎಂದು ನೀರಿನ ಬಾಟಲಿ ಹಿಡಿದುಕೊಂಡು ಕೂತಿದ್ದ. ಕಾರನ್ನು ಅವನೇ ಕೊಂಡ. "ನನ್ನ ಬಲಕ್ಕೆ ಯಾರನ್ನು ಕೂರಿಸಿಕೊಳ್ಳಲಿ?" ಎಂದು ಅವನು ಕೇಳಿದಾಗ ಕಾಕಾ "ಮದವಿ ಮಾಡ್ಕೋ" ಎಂದರು. ಕಾರು ಹೋಗುವ ದಿನ ಕಾಕು ಬಾನೆಟ್ಟಿನ ಮೇಲೆ ಭಂಡಾರ ಹಾಕಿ, ಬಲಗಡೆಯ ಕಿಟಕಿಯನ್ನು ಕೈಯಿಂದ ಸವರಿ ಒಳಗೆ ಹೋದವರು ಸಂಜೆಯವರೆಗೆ ಹೊರಗೆ ಬರಲಿಲ್ಲ.

ಆಮೇಲೆ ಇಬ್ಬರೂ ನಡೆದೇ ಮಾರ್ಕೆಟ್ಟಿಗೆ ಹೋಗುತ್ತಿದ್ದರು. ರಸ್ತೆ ದಾಟುವಾಗ ಕಾಕಾ ಪ್ರತಿ ಸಲ ನಿಂತು ಹೆಂಡತಿಯನ್ನು "ಹ್ಞಾಂ?" ಎಂದು ಕೇಳುತ್ತಿದ್ದರು. ಕಾಕಾನ ಕಣ್ಣು ನೆಟ್ಟಗಿತ್ತು, ಕೇಳುವ ಅಗತ್ಯವೇ ಇರಲಿಲ್ಲ. ಕಾಕು ಕಿವಿಗೊಟ್ಟು "ತಡೀರಿ" ಅಂದರೆ, ರಸ್ತೆ ಖಾಲಿ ಇದ್ದರೂ ನಿಲ್ಲುವರು. "ಹೋಗ್ರಿ" ಅಂದಾಗ ಗಾಡಿ ಬರುತ್ತಿದ್ದರೆ, "ತಡಿ, ಚಪ್ಪಲಿ ಬಿಚ್ಚೇದ," ಎಂದು ಬಗ್ಗಿ, ಅದು ಹೋಗುವವರೆಗೆ ಸುಮ್ಮನೆ ಪಟ್ಟಿ ಎಳೆಯುತ್ತ ಕೂಡುವರು. ಕಾಕುವಿಗೆ ಇದು ತಿಳಿದಿತ್ತು. "ಎಷ್ಟ್ ಚಪ್ಪಲಿ ಹರೀತಾರ ಈ ಮನಶಾ," ಎಂದು ನನ್ನೆದುರು ಬೈಯುವಾಗ ಅವರ ಮುಖ ನೋಡಬೇಕಿತ್ತು.

ಹೋದ ಮಳೆಗಾಲದಲ್ಲಿ ಕಾಕು ಜ್ವರ ಬಂದು ತೀರಿಕೊಂಡರು. ಕಣ್ಣಿಗೂ ಅದಕ್ಕೂ ಸಂಬಂಧವಿಲ್ಲ.

ಮೊನ್ನೆ ನಾನು ಸ್ಕೂಟರಿನಲ್ಲಿ ಬರುವಾಗ ಕಾಕಾ ಮಾರ್ಕೆಟ್ಟಿನ ಎದುರು, ಚೀಲ ಹಿಡಿದು ರಸ್ತೆಯ ಅಂಚಿನಲ್ಲಿ ನಿಂತಿದ್ದರು. ದಾಟಲು ಜಾಗ ಆಗುತ್ತಿತ್ತು, ಹೋಗುತ್ತಿತ್ತು, ಅವರು ನಿಂತೇ ಇದ್ದರು. "ಹೋಗ್ರಿ ಕಾಕಾ" ಎಂಬ ಮಾತು ಬಾಯಿಯವರೆಗೆ ಬಂತು. ಅದು ನಾನು ಹೇಳುವ ಮಾತಲ್ಲ ಅನಿಸಿತು. ಸ್ಕೂಟರನ್ನು ನಡುರಸ್ತೆಯಲ್ಲಿ ಅಡ್ಡ ನಿಲ್ಲಿಸಿ, ಬಲಗೈ ಚಾಚಿ ಹಿಂದಿನ ಗಾಡಿಗಳನ್ನು ತಡೆದೆ. ಹಾರ್ನುಗಳು ಬಡಿದುಕೊಂಡವು, ಯಾರೋ ಮರಾಠಿಯಲ್ಲಿ ಬೈದರು. ನಾನೂ ಮರಾಠಿಯಲ್ಲೇ ಬೈಯಬಲ್ಲೆ, ಕಾಕು ಕಲಿಸಿದ್ದಾರೆ. ಆದರೆ ಹಡಪಸರದ ಆ ಗದ್ದಲದಲ್ಲಿ ನನ್ನ ಬಾಯಿಂದ ಬಂದದ್ದು, ಅಲ್ಲಿ ಕಾಕಾನ ಹೊರತು ಯಾರಿಗೂ ತಿಳಿಯದ ಒಂದೇ ಮಾತು.

"ತಡೀರಿ!"

ಕಾಕಾ ಆ ಕಡೆಯಿಂದ ತಲೆ ಎತ್ತಿ ನೋಡಿದರು. ಆಮೇಲೆ ನಿಧಾನವಾಗಿ ರಸ್ತೆ ದಾಟಿದರು.