ಅರ್ಧಕ್ಕೆ ನಿಲ್ಲಿಸಿದ ಸುದ್ದಿ

ಹೋದ ವಾರ ಮಂಡ್ಯದ ಪೇಟೆಬೀದಿಗೆ ಮಿಕ್ಸಿ ರಿಪೇರಿಗೆ ಕೊಡಲು ಹೋಗಿದ್ದೆ. ಅಂಗಡಿಯವನು ಯಾರದೋ ಮನೆಯ ಹಳೇ ವಾಲ್ವ್ ರೇಡಿಯೋ ಬಿಚ್ಚಿಟ್ಟುಕೊಂಡು, ಕರೆಂಟು ಕೊಟ್ಟು ನೋಡುತ್ತಿದ್ದ. ಹಾಡೂ ಬರಲಿಲ್ಲ, ಮಾತೂ ಬರಲಿಲ್ಲ. ಬಂದದ್ದು ವಾಸನೆ. ವರ್ಷಗಟ್ಟಲೆ ಕೂತ ಧೂಳು ಒಳಗಿನ ದೀಪಗಳ ಮೇಲೆ ನಿಧಾನವಾಗಿ ಕಾಯುವ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಮಿಕ್ಸಿ ಮರೆತು ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟೆ. ಮಳವಳ್ಳಿಯ ಪಾರ್ಕು, ಅದರ ಮೂಲೆಯಲ್ಲಿ ಹಸಿರು ಬಣ್ಣ ಬಳಿದ ಮರದ ಗೂಡು, ಅದರ ಬಾಗಿಲು ತೆಗೆದು ನಿಂತ ನಮ್ಮ ಪಕ್ಕದ ಮನೆಯ ಮಾವ...

ಮದುವೆಯಾಗಿ ಮದ್ದೂರಿನಿಂದ ಮಳವಳ್ಳಿಗೆ ಬಂದಾಗ ನಾನಿನ್ನೂ ಚಿಕ್ಕವಳು. ಎರಡನೆಯ ಮಹಾಯುದ್ಧ ಆಗಲೇ ಶುರುವಾಗಿತ್ತು. ನಮ್ಮ ಯಜಮಾನರು ಅಲ್ಲಿ ಮಿಡ್ಲ್‌ಸ್ಕೂಲು ಮೇಷ್ಟರು. ಪಾರ್ಕಿನ ಎದುರಿಗೆ ಒಂದೇ ಗೋಡೆಗೆ ಅಂಟಿಕೊಂಡ ಎರಡು ಮನೆಗಳಿದ್ದವು. ಒಂದರಲ್ಲಿ ನಾವು, ಇನ್ನೊಂದರಲ್ಲಿ ಅವರು. ಸಂಬಂಧವೇನೂ ಇರಲಿಲ್ಲ. ಬಂದ ದಿನವೇ ಅವರ ಹೆಂಡತಿ ಹಿತ್ತಲ ಗೋಡೆ ಮೇಲಿಂದ ಸಾರಿನ ತಪ್ಪಲೆ ಕೊಟ್ಟರು. ಅಂದಿನಿಂದ ಅವರು ಅತ್ತೆ, ಇವರು ಮಾವ.

ಮಾವ ಆತಗೂರು ಕಡೆಯವರು. ಹಗಲು ಮುನಿಸಿಪಾಲಿಟಿಯಲ್ಲಿ ನಲ್ಲಿ ಕಂದಾಯದ ಗುಮಾಸ್ತರು, ಸಂಜೆ ಊರವರೆಲ್ಲ ಕೇಳಲೆಂದು ಪಾರ್ಕಿನ ಗೂಡಿನಲ್ಲಿ ಇಟ್ಟಿದ್ದ ರೇಡಿಯೋ ಅವರ ಜವಾಬ್ದಾರಿ. ಆಫೀಸಿಗೆ ಬರೀ ಷರಟು ಹಾಕಿಕೊಂಡು ಹೋಗುತ್ತಿದ್ದ ಮನುಷ್ಯ, ಸಂಜೆ ಆ ಗೂಡಿನ ಬೀಗ ತೆಗೆಯುವುದಕ್ಕೆ ಮಾತ್ರ ಕರೀ ಕೋಟು ತೊಟ್ಟು, ರುಮಾಲು ಸುತ್ತಿಕೊಂಡು ಹೊರಡುತ್ತಿದ್ದರು. ನನಗೆ ನಗು ತಡೆಯಲಾಗುತ್ತಿರಲಿಲ್ಲ. ಒಂದು ದಿನ ಕೇಳಿಯೇ ಬಿಟ್ಟೆ. "ಊರೋರೆಲ್ಲ ನನ್ ಮುಂದೆ ಕೂತ್ಕತಾರೆ ಕಣಮ್ಮ. ಅವ್ರಿಗೊಂದ್ ಮರ್ವಾದೆ ಬ್ಯಾಡ್ವಾ?" ಅಂದರು.

ಮೈಸೂರಿನಿಂದ ಬರುತ್ತಿದ್ದ ಸುದ್ದಿ ಪುಸ್ತಕದ ಕನ್ನಡದಲ್ಲಿ ಇರುತ್ತಿತ್ತು. ಹಳ್ಳಿಯಿಂದ ಬಂದವರು ಬಾಯಿ ಬಿಟ್ಟುಕೊಂಡು ಕೇಳಿ, ಮುಗಿದ ಮೇಲೆ "ಏನಂತೆ ಅದು?" ಅನ್ನುತ್ತಿದ್ದರು. ಮಾವ ರೇಡಿಯೋ ಪೆಟ್ಟಿಗೆಯ ಗಂಟಲು ಇಳಿಸಿ ತಮ್ಮ ಗಂಟಲು ಏರಿಸುತ್ತಿದ್ದರು. ಯುದ್ಧತಂತ್ರದ ಕಾರಣ ಪಡೆಗಳನ್ನು ಹಿಂದಕ್ಕೆ ಕರೆಸಿಕೊಳ್ಳಲಾಗಿದೆ ಎಂದು ರೇಡಿಯೋ ಗಂಭೀರವಾಗಿ ಹೇಳಿದರೆ, ಇವರು "ನಮ್ಮೋರು ಏಟು ತಿಂದು ವಾಪಸ್ ಓಡ್ಬಂದವ್ರೆ ಕಣ್ರಪ್ಪ" ಅನ್ನುತ್ತಿದ್ದರು. ಜನ ಗೊಳ್ಳೆಂದು ನಗುತ್ತಿದ್ದರು. ನಗದೆ ಕೂತವರೂ ಇರುತ್ತಿದ್ದರು. ಸುತ್ತಲ ಹಳ್ಳಿಗಳಿಂದ ಎಷ್ಟೋ ಹುಡುಗರು ದಂಡಿಗೆ ಸೇರಿದ್ದರು. ಅವರ ಮನೆಯವರಿಗೆ ಸುದ್ದಿ ತಿಳಿಯಲು ಇದ್ದದ್ದು ಆ ಹಸಿರು ಗೂಡು ಒಂದೇ.

ಹೀಗಿರುವಾಗ ಊರಿಗೆ ಟೆಂಟ್ ಸಿನಿಮಾ ಬಂತು. ಸಂತೆ ಮೈದಾನದಲ್ಲಿ ಡೇರೆ ಎದ್ದಿತು. ಎತ್ತಿನ ಗಾಡಿಗೆ ಎರಡೂ ಕಡೆ ಬಣ್ಣದ ಪಟ ಕಟ್ಟಿ, ತಮಟೆ ಬಡಿಸಿಕೊಂಡು, ಕಾಗದ ತೂರುತ್ತಾ ಬೀದಿ ಬೀದಿ ಸುತ್ತಿದರು. ಸಂಜೆಯಾದರೆ ಡೇರೆಯ ಮೇಲಿನ ಮೈಕಿನಲ್ಲಿ ಹಾಡಿನ ಪ್ಲೇಟು. ಜನ ಅತ್ತ ಹರಿದರು. ಪಾರ್ಕಿನಲ್ಲಿ ಉಳಿದವರು ಅತ್ತೆ, ನಾನು, ಬೇಲಿ ಹಾರಿ ಬಂದ ಒಂದು ಮೇಕೆ. ಮಾವ ಮಾತ್ರ ಕೋಟು ರುಮಾಲು ಬಿಡಲಿಲ್ಲ. ಮೇಕೆಗೂ ಅದೇ ಮರ್ಯಾದೆ.

ಒಂದು ಸಂಜೆ ಮುನಿಸಿಪಾಲಿಟಿಯ ಅಧ್ಯಕ್ಷರು ಆ ಕಡೆ ಬಂದು, ಖಾಲಿ ಹುಲ್ಲು ನೋಡಿ ನಿಂತರು. "ಯಾರಿಗೋಸ್ಕರ ಕೂಗಿಸ್ತಾ ಇದೀರಿ ಇದನ್ನ? ದೀಪಾವಳಿವರೆಗೆ ನೋಡ್ತೀನಿ. ಜನ ಬರದಿದ್ರೆ ಆಫೀಸರ್ಸ್ ಕ್ಲಬ್ಬಿಗೆ ಹಾಕಿಸಿಬಿಡ್ತೀನಿ. ಅಲ್ಲಾದರೂ ಕೇಳೋರು ಇರ್ತಾರೆ" ಅಂದು ಹೋದರು. ಕ್ಲಬ್ಬೆಂದರೆ ಅಮಲ್ದಾರರು, ಡಾಕ್ಟರು, ಇಂಜಿನಿಯರು ಇಸ್ಪೀಟು ಆಡುವ ಜಾಗ. ಸಂತೆಗೆ ಬಂದ ಹೆಂಗಸೊಬ್ಬಳು ಅಲ್ಲಿಗೆ ಹೋಗಿ ದಂಡಿನ ಸುದ್ದಿ ಕೇಳುವುದುಂಟೆ? ಆ ದಿನ ಮಾವ ಊಟ ಮಾಡಲಿಲ್ಲವೆಂದು ಅತ್ತೆ ಹೇಳಿದರು.

ಆಮೇಲೆ ಮಾವ ದಿನಾ ಡೇರೆಯ ಹತ್ತಿರ ಹೋಗತೊಡಗಿದರು. ಒಳಗೆ ಹೋಗುತ್ತಿರಲಿಲ್ಲ. ಹೊರಗೆ ನಿಂತು, ಆ ಗಾಡಿಯವರು ಜನರನ್ನು ಹೇಗೆ ಕರೆಯುತ್ತಾರೆಂದು ನೋಡುತ್ತಿದ್ದರು. ಬಂದು ಗೋಡೆ ಮೇಲಿಂದ ನನಗೆ ವರದಿ. "ಅವ್ರು ಕತೆ ಯೋಳಲ್ಲ ಕಣಮ್ಮ. ತಲೆ ತೋರ್ಸಿ ಬಾಲ ಮುಚ್ಕತಾರೆ. ಜನ ಬಾಲ ನೋಡಕ್ಕೆ ಬತ್ತಾರೆ."

ಅಷ್ಟು ತಿಳಿದ ಮೇಲೆ ಮಾವನನ್ನು ಹಿಡಿಯುವವರು ಯಾರು? ತಗಡಿನವನ ಹತ್ತಿರ ಬಾಯಿಗೆ ಹಿಡಿಯುವ ಕೊಳವೆ ಮಾಡಿಸಿದರು. ಬಸ್‌ಸ್ಟ್ಯಾಂಡಿನ ಕಾಫಿ ಹೋಟೆಲಿನವರನ್ನು ಹಿಡಿದು ಬೆಂಚು ಹಾಕಿಸಿದರು. ಅದಕ್ಕೆ ಪ್ರತಿಯಾಗಿ ಸುದ್ದಿಗೆ ಮೊದಲು, "ಕೂತ್ಕಂಡ್ ಕೇಳಿ, ಬೆಂಚು ಕೊಟ್ಟೋರು ಬಸ್‌ಸ್ಟ್ಯಾಂಡ್ ಓಟ್ಲೋರು, ಅವ್ರ ಕಾಪೀನೂ ಬಿಸಿ, ನನ್ ಸುದ್ದೀನೂ ಬಿಸಿ" ಎಂದು ಕೂಗಬೇಕು. ಬೆಲ್ಲದ ಧಾರಣೆ ಸೇರಿಸಿದರು. ಸಿನಿಮಾ ಶುರುವಾಗುವ ಮೊದಲೇ ತಮ್ಮದು ಮುಗಿಯುವ ಹಾಗೆ ಹೊತ್ತು ಹೊಂದಿಸಿಕೊಂಡರು. ಎಲ್ಲಕ್ಕಿಂತ ದೊಡ್ಡದು ಸಂತೆ ದಿನದ ಕೂಗು. ಬೆಳಗಿನ ಬಸ್ಸಿಗೆ ಬರುವ ಪೇಪರು ಓದಿ, ಮಧ್ಯಾಹ್ನ ಸಂತೆಯಲ್ಲಿ ಕೊಳವೆ ಹಿಡಿದು ಸುದ್ದಿಯ ತಲೆ ಮಾತ್ರ ಹೇಳುವುದು. ಉಳಿದದ್ದು ಸಂಜೆ ಪಾರ್ಕಿನಲ್ಲಿ!

"ನಿಮ್ಮಾವ ಸಂತೇಲಿ ಅಲ್ಲುಪುಡಿ ಮಾರೋರಂಗೆ ಆಗವ್ರೆ" ಎಂದು ಅತ್ತೆ ಹಣೆ ಚಚ್ಚಿಕೊಂಡರು. ಆದರೆ ಜನ ಬಂದರು. ಹುಲ್ಲು ಕಾಣದಷ್ಟು ಬಂದರು. ಅಧ್ಯಕ್ಷರು ಬೀದಿಯಲ್ಲೇ ನಿಂತು ನೋಡಿಕೊಂಡು ಹೋದರು. ನಾವೆಲ್ಲ ಗೆದ್ದೆವೆಂದುಕೊಂಡೆವು.

ಒಂದು ಸಂತೆ ದಿನ ನಾನು ತರಕಾರಿಗೆ ಹೋಗಿದ್ದೆ. ಮಾವ ಕೂಗುತ್ತಿದ್ದರು. "ನಮ್ ದಂಡಿನ ಅಡಗಿಗೆ ಏಟು ಬಿತ್ತು! ನಡು ಸಮುದ್ರದಲ್ಲಿ ಅಡಗು ಮುಳುಗ್ತು! ಯಾವ್ ಅಡಗು? ಒಳಗಿದ್ದೋರು ಏನಾದ್ರು? ಸಂಜೆ ಪಾರ್ಕ್‌ಗೆ ಬನ್ನಿ, ಯೋಳ್ತೀನಿ!" ಸುದ್ದಿಯ ಬಾಲ ಒಳ್ಳೆಯದೇ ಆಗಿತ್ತು. ಹಡಗಿನಲ್ಲಿದ್ದವರನ್ನೆಲ್ಲ ಇನ್ನೊಂದು ಹಡಗಿನವರು ಎತ್ತಿಕೊಂಡಿದ್ದರು. ಸಂಜೆ ಹಿಂದೆಂದೂ ಬರದಷ್ಟು ಜನ ಬಂದರು. ಬಾಲ ಕೇಳಿ ಚಪ್ಪಾಳೆ ಹೊಡೆದರು. ಮಾವ ಬೀಗ ಹಾಕುತ್ತಿರುವಾಗ ಎಲೆ ಮಾರುವವಳೊಬ್ಬಳು ಬಂದು ಹೇಳಿದಳು. ಅವಳ ಪಕ್ಕದಲ್ಲಿ ಬದನೆಕಾಯಿ ಇಟ್ಟುಕೊಂಡು ಕೂರುವ ಬೆಳಕವಾಡಿಯ ಮುದುಕಿ ಮಧ್ಯಾಹ್ನದ ಕೂಗು ಕೇಳಿದ್ದೇ ಎದೆ ಬಡಿದುಕೊಂಡು ಎದ್ದಳಂತೆ. "ಒಬ್ನೇ ಮಗ, ದಂಡಿಗೆ ಓಗವ್ನೆ. ಅಡಗು ಅತ್ತಿ ಓದ ಅಂತಷ್ಟೇ ಗೊತ್ತು ಅವ್ಳಿಗೆ. ಬುಟ್ಟಿ ಇಲ್ಲೇ ಬುಟ್ಟು ಓಡೋದ್ಲು, ಸಾಮಿ."

ಮಾವ ಬೀಗದ ಕೈ ಜೇಬಿಗೆ ಹಾಕಿಕೊಂಡರು. ಮುನಿಸಿಪಾಲಿಟಿಯ ಸೈಕಲ್ಲು ಹತ್ತಿ, ಅದೇ ಕೋಟು ರುಮಾಲಿನಲ್ಲಿ ಬೆಳಕವಾಡಿಯ ದಾರಿ ಹಿಡಿದರು.

ಮಾರನೆಯ ಬೆಳಿಗ್ಗೆ ಗೋಡೆಯ ಹತ್ತಿರ ಬಂದು ನಿಂತರು. "ಮನೆ ಮುಂದೆ ಊರೇ ಸೇರಿತ್ತು ಕಣಮ್ಮ. ಸೊಸೆ ಕೈ ಇಡ್ಕಂಡಿದ್ರು, ಬಳೆ ಒಡಿಯಕ್ಕೆ. ಒಬ್ಳು ಒಡೀರಿ ಅಂತಾಳೆ, ಇನ್ನೊಬ್ಳು ತಡೀರಿ ಅಂತಾಳೆ... ನಾನ್ ಓಗಿ ಪೂರಾ ಯೋಳ್ದೆ. ಆ ಮುದ್ಕಿ ಬೈಲಿಲ್ಲ ಕಣಮ್ಮ. ಬೈದಿದ್ರೆ ಚೆಂದಾಗಿತ್ತು. ದೂರದಿಂದ ಬಂದಿದೀಯ, ಉಂಡ್ಕಂಡ್ ಓಗಪ್ಪ ಅಂತ ಮುದ್ದೆ ಇಟ್ಲು." ಆ ಮುದ್ದೆ ಹೇಗೆ ನುಂಗಿದೆನೋ ಎನ್ನುತ್ತಾ ದೊಡ್ಡ ಗಂಡಸು ನನ್ನೆದುರಿಗೆ ಅತ್ತುಬಿಟ್ಟರು. ನನಗೂ ಅಳು ಬಂತು.

ಮುಂದಿನ ಸಂತೆಯಿಂದ ಮಾವ ಬಾಲ ಮುಚ್ಚಲಿಲ್ಲ. ಸುದ್ದಿಯನ್ನೆಲ್ಲ ಮಧ್ಯಾಹ್ನವೇ ಸಂತೆಯ ನಡುವೆ ನಿಂತು ಹೇಳಿಬಿಡುತ್ತಿದ್ದರು. ಹಾಡಿನದು, ಬೆಲ್ಲದ ಧಾರಣೆಯದು ಏನು ಬೇಕಾದರೂ ಅರ್ಧ ಮಾಡುತ್ತೇನೆ, ದಂಡಿನದು ಮಾಡಲಾರೆ ಅಂದರು. ನಮ್ಮ ಯಜಮಾನರು ಮೆಲ್ಲಗೆ, "ದೀಪಾವಳಿ ಕಳೀಲಿ, ಮಾವ, ಆಮೇಲೆ ಬಿಡಿ" ಅಂದು ನೋಡಿದರು. ಮಾವ ಒಪ್ಪಲಿಲ್ಲ. ಮಧ್ಯಾಹ್ನವೇ ಎಲ್ಲ ಕೇಳಿದವರು ಸಂಜೆ ಯಾಕೆ ಬಂದಾರು? ಡೇರೆಗೆ ಹೊಸ ಸಿನಿಮಾ ಬೇರೆ ಬಂತು. ದೀಪಾವಳಿ ಮುಗಿದ ವಾರ ಆಳುಗಳು ಬಂದು ಪೆಟ್ಟಿಗೆಯನ್ನು ಕ್ಲಬ್ಬಿಗೆ ಹೊತ್ತುಕೊಂಡು ಹೋದರು. ನನಗೆ ಬಂದ ಸಿಟ್ಟು ಇಷ್ಟಿಷ್ಟಲ್ಲ. ಅಧ್ಯಕ್ಷರ ಹೆಂಡತಿ ಎದುರಿಗೆ ಸಿಕ್ಕರೆ ಮುಖ ತಿರುಗಿಸಿಕೊಂಡು ಹೋಗುತ್ತಿದ್ದೆ. ಪಾಪ, ಆಕೆ ಏನು ಮಾಡಿದ್ದಳು!

ಪೆಟ್ಟಿಗೆ ಹಾಕಿ ಆರಿಸುವ ಕೆಲಸ ಕ್ಲಬ್ಬಿನಲ್ಲೂ ಮಾವನದೇ. ಬಾಗಿಲ ಬಳಿ ನಿಂತು ಸುದ್ದಿ ಕೇಳುವುದು, ನೇರ ಪಾರ್ಕಿಗೆ ಬಂದು, ಖಾಲಿ ಗೂಡಿನ ಮುಂದೆ ನಿಂತು, ಕೇಳಿದ್ದನ್ನೆಲ್ಲ ಹೇಳುವುದು. ಮೊದಲು ನಾಲ್ಕಾರು ಜನ ಇದ್ದರು, ಆಮೇಲೆ ಹತ್ತಾರು ಜನರಾದರು. ಬೆಳಕವಾಡಿ ಕಡೆಯವರು ಸಂತೆ ದಿನ ಗಾಡಿ ಹೂಡದೆ ಕಾದಿದ್ದು ಕೇಳಿಯೇ ಹೋಗುತ್ತಿದ್ದರು. ಕೊನೆಗೆ ಡೇರೆಯವನೇ ಬಂದು, ನಿಮ್ಮ ಮಾತು ಮುಗಿಯದೆ ನನ್ನ ಟಿಕೆಟ್ಟು ಹೋಗುತ್ತಿಲ್ಲ, ನನ್ನ ಮೈಕಿನಲ್ಲೇ ಹೇಳಿ ಅಂದ. ಮಾವ ಯೋಚನೆ ಮಾಡಲಿಲ್ಲ. "ಜನ ಎಲ್ಲವ್ರೋ ಅಲ್ಲಿಗೆ ನಾವ್ ಓಗ್ಬೇಕು ಕಣಮ್ಮ" ಎಂದು ರುಮಾಲು ಸರಿಮಾಡಿಕೊಂಡು ಹೊರಟರು. ಅಂದಿನಿಂದ ಸಿನಿಮಾಕ್ಕೆ ಮೊದಲು ಹಾಡಿನ ಪ್ಲೇಟು ನಿಂತು ಮಾವನ ಸುದ್ದಿ ಬರುತ್ತಿತ್ತು. ಟಿಕೆಟ್ಟಿಲ್ಲದವರೂ ಹೊರಗೆ ಕೂತು ಕೇಳುತ್ತಿದ್ದರು.

ಯುದ್ಧ ಮುಗಿಯಿತು. ಡೇರೆ ಊರು ಬಿಟ್ಟಿತು, ಮಾವ ಮತ್ತೆ ಪಾರ್ಕಿನ ಖಾಲಿ ಗೂಡಿನ ಮುಂದೆ ನಿಂತು ಸುದ್ದಿ ಹೇಳತೊಡಗಿದರು. ಹುಡುಗರು ಒಬ್ಬೊಬ್ಬರಾಗಿ ಬಂದರು. ಬೆಳಕವಾಡಿಯ ಮುದುಕಿಯ ಮಗ ಬರಲಿಲ್ಲ. ಪತ್ತೆಯಿಲ್ಲ ಎಂದಷ್ಟೇ ಸರ್ಕಾರ ತಿಳಿಸಿತ್ತು. ಅವಳು ಪ್ರತಿ ಸಂತೆಗೂ ಬದನೆಕಾಯಿ ಬುಟ್ಟಿಯ ಹಿಂದಿನಿಂದ ಮಾವನನ್ನು ಕೇಳುತ್ತಿದ್ದಳು. "ನನ್ ಮಗನ ಸುದ್ದಿ ಏನಾರ ಬಂತಾ?" ಮಾವ, "ಇಲ್ಲ ಕಣವ್ವ" ಅನ್ನುತ್ತಿದ್ದರು.

ಆಮೇಲೊಂದು ದಿನ, ಬೆಳಕವಾಡಿಯ ಆಚೆ ಬ್ಲಫ್ ಎಂಬ ಊರಿನ, ದಂಡಿನಿಂದ ವಾಪಸು ಬಂದ ಸಿಪಾಯಿಯೊಬ್ಬ ನಮ್ಮ ಜಗಲಿಯ ಮೇಲೆ ಕೂತು ಹೇಳಿದ. ಬರ್ಮಾದಲ್ಲಿ ಹೊಳೆ ದಾಟುವಾಗ ಆ ಹುಡುಗನಿಗೆ ಗುಂಡು ತಗುಲಿತು, ತಾನೇ ಪಕ್ಕದಲ್ಲಿದ್ದೆ, ತಾನೇ ಮಣ್ಣು ಮಾಡಿದೆ, ಅವನ ತಾಯಿಗೆ ಹೇಳುವ ಧೈರ್ಯ ಮಾತ್ರ ತನಗಿಲ್ಲ ಎಂದ. ಮಾವ ಕೇಳಿಸಿಕೊಂಡರು. ಮುಂದಿನ ಸಂತೆಯಲ್ಲಿ ಮುದುಕಿ ಕೇಳಿದಳು. "ಇವತ್ತೇನೂ ಇಲ್ಲ ಕಣವ್ವ" ಅಂದರು. ಅದರ ಮುಂದಿನ ಸಂತೆಯಲ್ಲೂ ಅದೇ ಮಾತು. ಅತ್ತೆಗೆ ತಡೆಯಲಾಗಲಿಲ್ಲ. "ಬಾಲ ಮುಚ್ಬಾರ್ದು ಅಂತ ಪೆಟ್ಗೇನೇ ಕಳ್ಕಂಡೋರು ನೀವು. ಈಗೇನ್ ಮಾಡ್ತಿದೀರಿ?" ಅವರ ಕಷ್ಟ ನನಗೆ ಅರ್ಥವಾಗುತ್ತಿತ್ತು. ಒಮ್ಮೆ ಸುಳ್ಳೇ ಸತ್ತ ಮಗನನ್ನು ಬದುಕಿಸಿ ಕೊಟ್ಟು ಬಂದ ಬಾಯಿ ಅದು.

ಮೂರನೆಯ ಸಂತೆಯ ದಿನ ನಾನು ಮುದುಕಿಯ ಹತ್ತಿರವೇ ಬದನೆಕಾಯಿ ಆರಿಸುತ್ತಿದ್ದೆ. ಮಾವ ಬಂದರು. ಮಧ್ಯಾಹ್ನದ ಬಿಸಿಲಿನಲ್ಲೂ ಕೋಟು, ರುಮಾಲು. ಯಾವತ್ತೂ ನಿಂತೇ ಸುದ್ದಿ ಹೇಳುತ್ತಿದ್ದವರು ಬುಟ್ಟಿಯ ಮುಂದೆ ಮಣ್ಣಿನ ಮೇಲೆ ಕೂತರು. ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡರು. ಸಿಪಾಯಿ ಹೇಳಿದ್ದನ್ನೆಲ್ಲ ಮೆಲುದನಿಯಲ್ಲಿ ಹೇಳಿದರು. ಹೊಳೆ, ಗುಂಡು, ಮಣ್ಣು ಮಾಡಿದವನ ಹೆಸರು, ಅವನ ಊರು, ಯಾವುದನ್ನೂ ಬಿಡಲಿಲ್ಲ. ಎರಡು ಸಂತೆ ತಾವು ಬಚ್ಚಿಟ್ಟಿದ್ದನ್ನೂ ಹೇಳಿದರು.

ಮುದುಕಿ ಕೇಳಿದಳು, "ಪೂರಾ ಇಷ್ಟೇನಾ?"

"ಪೂರಾ ಇಷ್ಟೇ ಕಣವ್ವ."

ಅವಳು ನನ್ನ ಬದನೆಕಾಯಿ ತೂಗಿ ಚೀಲಕ್ಕೆ ಹಾಕಿದಳು. ಬುಟ್ಟಿಗೆ ಗೋಣಿ ಮುಚ್ಚಿ ಎದ್ದಳು. ಮಾವನೂ ಜೊತೆಗೆ ಹೊರಡಲು ಎದ್ದರು. "ನೀನ್ ಬರ್ಬ್ಯಾಡ. ಸೊಸೆಗೆ ನಾನೇ ಯೋಳ್ಬೇಕು" ಎಂದು ಬುಟ್ಟಿ ತಲೆಗೇರಿಸಿ ನಡೆದಳು. ನಾವಿಬ್ಬರೂ ಅಲ್ಲೇ ನಿಂತಿದ್ದೆವು...

ಅವಳು ಇನ್ನು ಈ ಕಡೆ ಬರುವುದಿಲ್ಲ ಎಂದುಕೊಂಡಿದ್ದೆ. ಮೂರು ಸಂತೆ ಬರಲಿಲ್ಲ. ನಾಲ್ಕನೆಯದಕ್ಕೆ ಬಂದಳು. ವ್ಯಾಪಾರ ಮುಗಿಸಿ, ಪಾರ್ಕಿಗೆ ಬಂದು, ಖಾಲಿ ಗೂಡಿನ ಮುಂದೆ ಎಲ್ಲರಿಗಿಂತ ಮುಂದೆ ಕೂತು, "ಯೋಳಪ್ಪ, ಇವತ್ತೇನ್ ಸುದ್ದಿ?" ಅಂದಳು. ಮಾವ ರುಮಾಲು ಸರಿಮಾಡಿಕೊಂಡರು. ಪೂರಾ ಹೇಳಿದರು.

ಕೆಲವು ವರ್ಷಕ್ಕೆ ನಮ್ಮ ಯಜಮಾನರಿಗೆ ಮಂಡ್ಯಕ್ಕೆ ವರ್ಗವಾಯಿತು. ಹೋಗಿ ಬಂದು ಮಾಡುವುದು ಕಡಿಮೆಯಾಯಿತು. ಅತ್ತೆ ತೀರಿಹೋದದ್ದು ಗೊತ್ತಾಗಿ ನಾನು ಹೋಗಿ ಬಂದಿದ್ದೆ. ಮಾವ ತೀರಿಕೊಂಡದ್ದು ಮಾತ್ರ ನಮ್ಮವರೆಗೆ ಮುಟ್ಟಲೇ ಇಲ್ಲ. ಎಷ್ಟೋ ತಿಂಗಳ ಮೇಲೆ ಮದುವೆ ಮನೆಯೊಂದರ ಊಟದ ಪಂಕ್ತಿಯಲ್ಲಿ, ಮಳವಳ್ಳಿಯವರೊಬ್ಬರು ಪಾಯಸ ಬಡಿಸಿಕೊಳ್ಳುತ್ತಾ, ಯಾವುದೋ ಮಾತಿನ ನಡುವೆ, "ಅವರು ಹೋದರಲ್ಲ, ಗೊತ್ತಿಲ್ಲವಾ?" ಅಂದರು. ಯಾವಾಗ, ಏನಾಗಿತ್ತು, ಹತ್ತಿರ ಯಾರಿದ್ದರು ಎಂದು ಕೇಳಿದೆ. ಅವರಿಗೆ ಗೊತ್ತಿದ್ದದ್ದು ಅಷ್ಟೇ. ಎಲೆ ಬಿಟ್ಟು ಏಳುವ ಹಾಗಿರಲಿಲ್ಲ, ಕೂತು ಉಂಡೆ.

ಈಗ ಕೇಳೋಣವೆಂದರೆ ಆ ಬೀದಿಯಲ್ಲಿ ನನ್ನನ್ನು ಬಲ್ಲವರು ಯಾರೂ ಉಳಿದಿಲ್ಲ. ಮಾವನ ಕೊನೆಯ ಸುದ್ದಿ ನನಗೆ ಇವತ್ತಿಗೂ ಅರ್ಧವೇ...